ಬರ್ಲಿನ್‌ನಲ್ಲಿ ಎಳ್ಳು ಬೀರಿದ್ದು

ಬರ್ಲಿನ್‌ಗೆ ಬಂದ ಮೊದಲ ವರ್ಷವೂ ಸಂಕ್ರಾಂತಿಗೆ ಎಳ್ಳು ಮಾಡಿದ್ದೆ. ಆದರೆ ಬೀರಲಿಲ್ಲ. ದೇವರ ಮುಂದಿಟ್ಟೆ, ನಾವು ಮೂವರು ತಿಂದೆವು, ಉಳಿದದ್ದನ್ನು ಡಬ್ಬಿಗೆ ತುಂಬಿ ಎತ್ತಿಟ್ಟೆ. ಮಧ್ಯಾಹ್ನ ಫೋನ್ ಮಾಡಿದಾಗ ಅಮ್ಮ, "ಎಷ್ಟು ಮನೆಗೆ ಕೊಡ್ತಿದ್ದೀಯ?" ಎಂದು ಕೇಳಿದಳು. ಏನು ಹೇಳಬೇಕೋ ತಿಳಿಯಲಿಲ್ಲ. ಆ ಡಬ್ಬಿ ಮಾರ್ಚ್‌ವರೆಗೂ ಹಾಗೇ ಇತ್ತು.

ಹನುಮಂತನಗರದ ನಮ್ಮ ಮನೆಯಲ್ಲಿ ಸಂಕ್ರಾಂತಿ ಎಂದರೆ ಸಂಜೆ. ಬೆಳಗಿನ ಪೂಜೆ, ಸಿಹಿ ಪೊಂಗಲ್, ಖಾರ ಪೊಂಗಲ್ ಎಲ್ಲ ಇರುತ್ತಿತ್ತು. ಆದರೆ ನಮಗೆ ಹಬ್ಬ ಶುರುವಾಗುತ್ತಿದ್ದದ್ದು ರೇಷ್ಮೆ ಲಂಗ ತೊಟ್ಟು, ತಟ್ಟೆಯಲ್ಲಿ ಎಳ್ಳಿನ ಪೊಟ್ಟಣ, ಕಬ್ಬಿನ ತುಂಡು, ಬಾಳೆಹಣ್ಣು, ಸಕ್ಕರೆ ಅಚ್ಚು ಜೋಡಿಸಿಕೊಂಡು ಬೀದಿಗೆ ಇಳಿದಾಗ. ಅದೇ ಹೊತ್ತಿಗೆ ಹತ್ತಿರದ ಗವಿಗಂಗಾಧರೇಶ್ವರ ದೇವಸ್ಥಾನದಲ್ಲಿ ಸಂಜೆಯ ಬಿಸಿಲು ನಂದಿಯ ಕೊಂಬುಗಳ ನಡುವಿನಿಂದ ಹಾಯ್ದು ಲಿಂಗದ ಮೇಲೆ ಬೀಳುತ್ತದೆ. ಅದನ್ನು ನೋಡಲು ನಿಂತ ಜನರನ್ನು ದಾಟಿಕೊಂಡು ನಾವು ಮನೆ ಮನೆ ತಿರುಗುತ್ತಿದ್ದೆವು. ಯಾರ ಮನೆಯಿಂದಲೂ ಬರಿಗೈಯಲ್ಲಿ ಬರುತ್ತಿರಲಿಲ್ಲ. ನಮ್ಮ ಎಳ್ಳು ಅವರಿಗೆ, ಅವರ ಎಳ್ಳು ನಮಗೆ. ರಾತ್ರಿ ಎಲ್ಲ ಪೊಟ್ಟಣ ಬಿಚ್ಚಿ ಕೂತು, ಯಾರ ಮನೆಯದರಲ್ಲಿ ಕೊಬ್ಬರಿ ಜಾಸ್ತಿ, ಯಾರು ಬಣ್ಣದ ಜೀರಿಗೆ ಪೆಪ್ಪರಮೆಂಟು ಹಾಕಿದ್ದಾರೆ ಎಂದು ನೋಡುವುದು. ಎಳ್ಳು ಬೀರದ ಸಂಕ್ರಾಂತಿ ನನಗೆ ಸಂಕ್ರಾಂತಿ ಅಲ್ಲ. ಅದು ಗೊತ್ತಾಗಲು ಇಷ್ಟು ದೂರ ಬರಬೇಕಾಯಿತು.

ಇಲ್ಲಿ ನಾವಿರುವುದು ನೊಯ್‌ಕೋಲ್ನ್ ಎಂಬ ಬಡಾವಣೆಯ ಒಂದು ಹಳೆಯ ಕಟ್ಟಡದಲ್ಲಿ. ಅಂಗಳ ದಾಟಿದ ಮೇಲೆ ಸಿಗುವ ಹಿಂದಿನ ಭಾಗ ನಮ್ಮದು. ಲಿಫ್ಟ್ ಇಲ್ಲ, ಒಟ್ಟು ಹತ್ತು ಮನೆ. ಮನೆಗಳಿಗೆ ನಂಬರ್ ಇಲ್ಲ. ಕಟ್ಟಡಕ್ಕೆ ಒಂದು ನಂಬರ್ ಇರುತ್ತದೆ, ಒಳಗಿನ ಮನೆಗಳನ್ನು ಗುರುತಿಸುವುದು ಬೆಲ್ಲಿನ ಮೇಲಿನ ಹೆಸರಿನಿಂದ. ಅಂಚೆಯವರೂ ಹೆಸರು ನೋಡಿಯೇ ಹುಡುಕುತ್ತಾರೆ. ನಾವು ಮನೆಯಲ್ಲಿಲ್ಲದಾಗ ಪಾರ್ಸೆಲ್ ಬಂದರೆ ಅದನ್ನು ಪಕ್ಕದವರ ಮನೆಯಲ್ಲಿ ಕೊಟ್ಟು, ನಮ್ಮ ಡಬ್ಬದಲ್ಲಿ ಚೀಟಿ ಹಾಕಿ ಹೋಗುತ್ತಾರೆ. ಒಂದು ವರ್ಷ ಕಳೆದರೂ ಅಕ್ಕಪಕ್ಕದವರು ನನಗೆ ಗೊತ್ತಿದ್ದದ್ದು ಇಷ್ಟೇ: ಹೆಸರು, ಮುಖ, ಪಾರ್ಸೆಲ್ ತೆಗೆದುಕೊಳ್ಳುವಾಗ ಒಂದು ಧನ್ಯವಾದ.

2025ರ ಸಂಕ್ರಾಂತಿಗೆ ಒಂಬತ್ತು ಬಾಗಿಲಿಗೂ ಹೋಗುವುದೆಂದು ನವೆಂಬರ್‌ನಲ್ಲೇ ನಿರ್ಧಾರ ಮಾಡಿದೆ.

ಸಾಮಾನು ಹುಡುಕುವ ಕೆಲಸವೇ ಒಂದು ಊರು ನೋಡಿದ ಹಾಗಾಯಿತು. ಎಳ್ಳು ಕಷ್ಟವಿಲ್ಲ. ಹುರಿಗಡಲೆ ಮಾತ್ರ ಇಂಡಿಯನ್ ಅಂಗಡಿಯಲ್ಲಿ ಖಾಲಿಯಾಗಿತ್ತು. ಕಾಲುವೆಯ ಪಕ್ಕದ ಮೈಬಾಖ್‌ಉಫರ್ ಬೀದಿಯಲ್ಲಿ ಮಂಗಳವಾರ, ಶುಕ್ರವಾರ ಟರ್ಕಿಯವರ ಸಂತೆ ನಡೆಯುತ್ತದೆ. ಅಲ್ಲಿ ಸುಮ್ನೆ ತಿರುಗುತ್ತಿದ್ದಾಗ ಒಣಹಣ್ಣಿನ ಅಂಗಡಿಯಲ್ಲಿ ಒಂದು ಮೂಟೆ ಕಂಡಿತು. ಹಳದಿ ಬಣ್ಣ, ಸಿಪ್ಪೆ ಇಲ್ಲ, ಗುಂಡಗಿದೆ. ಒಂದು ಕಾಳು ಬಾಯಿಗೆ ಹಾಕಿಕೊಂಡೆ. ನಮ್ಮ ಹುರಿಗಡಲೆಯೇ! ಸ್ವಲ್ಪ ದಪ್ಪ, ಸ್ವಲ್ಪ ಗಟ್ಟಿ, ಆದರೆ ಅದೇ ರುಚಿ, ಹಲ್ಲಿಗೆ ಸಿಕ್ಕಿದಾಗ ಅದೇ ಪುಡಿಪುಡಿ. ಅವರು ಇದನ್ನು ಲೆಬ್ಲೆಬಿ ಎನ್ನುತ್ತಾರೆ. ಅಲ್ಲೇ ನಿಂತು ಅಮ್ಮನಿಗೆ ಫೋಟೋ ಕಳಿಸಿದೆ.

ಕಬ್ಬು ಸಿಕ್ಕಿದ್ದು ಲಿಕ್ಟೆನ್‌ಬೆರ್ಗ್‌ನ ಡೊಂಗ್ ಷುಆನ್ ಸೆಂಟರ್‌ನಲ್ಲಿ. ಅದು ವಿಯೆಟ್ನಾಂನವರ ದೊಡ್ಡ ಮಾರುಕಟ್ಟೆ, ಉದ್ದುದ್ದ ಶೆಡ್ಡುಗಳು. 1980ರ ದಶಕದಲ್ಲಿ ಪೂರ್ವ ಜರ್ಮನಿಯ ಕಾರ್ಖಾನೆಗಳಿಗೆ ವಿಯೆಟ್ನಾಂನಿಂದ ಸಾವಿರಾರು ಜನ ದುಡಿಯಲು ಬಂದರು. ಬರ್ಲಿನ್ ಗೋಡೆ ಬಿದ್ದ ಮೇಲೆ ಕಾರ್ಖಾನೆಗಳು ಮುಚ್ಚಿ ಕೆಲಸ ಹೋಯಿತು. ಉಳಿದವರಲ್ಲಿ ಎಷ್ಟೋ ಜನ ವ್ಯಾಪಾರಕ್ಕೆ ಇಳಿದರು. ಅವರ ಊರಿನವರಿಗೂ ಕಬ್ಬು ಬೇಕು, ಹಾಗಾಗಿ ನನಗೂ ಸಿಕ್ಕಿತು. ಅಲ್ಲೇ ಒಣಗಿಸಿದ ಕೆಂಪು ಹಣ್ಣಿನ ಪೊಟ್ಟಣವೂ ಇತ್ತು. ಮುದುರಿದ ಸಿಪ್ಪೆ, ಉದ್ದನೆಯ ಬೀಜ. ಚೀನಾದವರು ತಿನ್ನುವ ಕೆಂಪು ಖರ್ಜೂರ ಎಂದರು. ನೋಡಿದರೆ ಅದು ನಮ್ಮ ಎಲಚಿ ಹಣ್ಣಿನ ಹತ್ತಿರದ ನೆಂಟ, ಒಂದೇ ಕುಲದ ಗಿಡ. ಮಗಳಿಗೆ ಮೂರೂವರೆ ವರ್ಷ. ನಮ್ಮಲ್ಲಿ ಐದು ತುಂಬುವವರೆಗೆ ಸಂಕ್ರಾಂತಿಗೆ ಹಣ್ಣು ಎರೆಯುತ್ತಾರೆ. ಎಲಚಿ ಇಲ್ಲದೆ ಹೇಗೆ ಎಂಬ ಚಿಂತೆ ಅಲ್ಲಿಗೆ ಕಳೆಯಿತು.

ಅವರೆಕಾಳು ಮಾತ್ರ ಕಣ್ಣೆದುರೇ ಇತ್ತು, ನಾನೇ ಗುರುತಿಸಿರಲಿಲ್ಲ. ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ ಗುಜರಾತಿಗಳ ಪೊಟ್ಟಣ, ಮೇಲೆ ಪಾಪ್ಡಿ ಲೀಲ್ವಾ ಎಂದು ಬರೆದಿತ್ತು. ಒಂದು ವರ್ಷ ಅದರ ಮುಂದೆಯೇ ಓಡಾಡಿದ್ದೇನೆ. ಸೊಗಡು ಇಲ್ಲ, ಅದು ನಿಜ. ಆದರೂ ನೆನೆಸಿ, ಹಿತುಕಿ, ಸಾರು ಮಾಡಿದ ದಿನ ಮನೆಯಲ್ಲಿ ಯಾರೂ ಮಾತಾಡದೆ ಊಟ ಮಾಡಿದೆವು.

ಕೊಬ್ಬರಿ ಗಿಟುಕು ಸಿಗಲಿಲ್ಲ. ತೆಂಗಿನಕಾಯಿ ತಂದು ಸಣ್ಣಗೆ ಹೆಚ್ಚಿದೆ. ಬೆಂಗಳೂರಿನಲ್ಲಿ ಆಗಿದ್ದರೆ ಬೆಲ್ಲ, ಕೊಬ್ಬರಿ ಎರಡನ್ನೂ ಮಾಳಿಗೆಯ ಬಿಸಿಲಿಗೆ ಹಾಕಿ, ಕಾಗೆ ಬರದ ಹಾಗೆ ಒಬ್ಬರು ಕಾಯುತ್ತಿದ್ದೆವು. ಇಲ್ಲಿ ಬಿಸಿಲು ಎಲ್ಲಿಂದ ತರುವುದು? ಕಿಟಕಿಯ ಕೆಳಗಿನ ಹೀಟರ್ ಮೇಲೆ ತಟ್ಟೆ ಇಟ್ಟೆ. ಮೂರು ದಿನಕ್ಕೆ ಚೂರುಗಳು ಗರಿಗರಿಯಾದವು. ಬೆಲ್ಲವನ್ನು ಅಮ್ಮ ಕೊಟ್ಟು ಕಳಿಸಿದ್ದ ಅಡಕತ್ತರಿಯಲ್ಲಿ ಕತ್ತರಿಸಿದೆ. ಆ ಮೂರು ದಿನ ಮನೆಯೆಲ್ಲ ಕೊಬ್ಬರಿಯ ವಾಸನೆ.

ಬಿಸಿಲಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಉತ್ತರಾಯಣ ಎಂಬ ಪದವನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಆದರೆ ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗಿಂತ ಜಾಸ್ತಿ ಇರುತ್ತದೆ. ಸೂರ್ಯ ಯಾವ ಕಡೆ ತಿರುಗಿದ ಎಂದು ಯಾರು ನೋಡುತ್ತಾರೆ? ಇಲ್ಲಿ ಡಿಸೆಂಬರ್ 21ರ ಸುಮಾರಿಗೆ ಹಗಲು ಏಳು ಮುಕ್ಕಾಲು ಗಂಟೆಯೂ ಇಲ್ಲ. ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಮಗಳನ್ನು ಶಿಶುವಿಹಾರದಿಂದ ಕರೆತರುವಾಗ ಕತ್ತಲು. ಜನವರಿ ಮಧ್ಯಕ್ಕೆ ಬೆಳಗಿನ ಕತ್ತಲು ಹೆಚ್ಚುಕಡಿಮೆ ಹಾಗೇ ಇರುತ್ತದೆ, ಎಂಟು ದಾಟಿದ ಮೇಲೇ ಬೆಳಗಾಗುವುದು. ಆದರೆ ಸಂಜೆ ಅರ್ಧ ಗಂಟೆ ಹತ್ತಿರ ಬೆಳೆದಿರುತ್ತದೆ. ನಾಲ್ಕು ಗಂಟೆಗೆ ಕಾಲುವೆಯ ನೀರಿನ ಮೇಲೆ ಇನ್ನೂ ಬೆಳಕು ಇತ್ತು. ಮಗಳು "ಅಮ್ಮಾ, ಇವತ್ತು ಲೈಟ್ ಹಾಕಿಲ್ಲ" ಎಂದು ಬೀದಿದೀಪ ತೋರಿಸಿದಳು. ಸೂರ್ಯ ನಿಜವಾಗಿ ತಿರುಗುವುದು ಡಿಸೆಂಬರ್‌ನಲ್ಲಿ. ಭೂಮಿಯ ಅಕ್ಷ ಬಹಳ ನಿಧಾನವಾಗಿ ಓಲಾಡುವುದರಿಂದ, ಶತಮಾನಗಳು ಕಳೆದ ಹಾಗೆ ನಮ್ಮ ಸಂಕ್ರಾಂತಿ ಅದರಿಂದ ದೂರ ಸರಿದಿದೆ. ಬರ್ಲಿನ್‌ನಲ್ಲಿ ಇದ್ದವಳಾಗಿ ನನಗೆ ಆ ತಡ ಸರಿಯೆನಿಸುತ್ತದೆ. ಡಿಸೆಂಬರ್‌ನಲ್ಲಿ ತಿರುಗಿದ್ದು ಕಣ್ಣಿಗೆ ಕಾಣುವುದಿಲ್ಲ. ಜನವರಿ 14ಕ್ಕೆ ಕಾಣುತ್ತದೆ.

ಹಬ್ಬಕ್ಕೆ ಮೊದಲ ಶನಿವಾರ ಊರಾಚೆ ಬ್ರಾಂಡೆನ್‌ಬುರ್ಗ್‌ನ ಒಂದು ಹಳ್ಳಿಗೆ ಹೋಗಿದ್ದೆವು. ಅಲ್ಲಿನ ಅಗ್ನಿಶಾಮಕ ದಳದ ಸ್ವಯಂಸೇವಕರು ಹಳೆಯ ಕ್ರಿಸ್‌ಮಸ್ ಮರಗಳನ್ನೆಲ್ಲ ಒಟ್ಟುಮಾಡಿ ಬಯಲಿನಲ್ಲಿ ಉರಿಸುತ್ತಿದ್ದರು. ಒಣಗಿದ ಎಲೆ ಚಟಪಟ ಸಿಡಿಯುತ್ತಾ ಬೆಂಕಿ ಮೇಲೆದ್ದಾಗ ಮಕ್ಕಳೆಲ್ಲ ಕೂಗಿದರು. ಮದ್ದೂರಿನ ಹತ್ತಿರದ ಅಜ್ಜಿಯ ಊರಿನಲ್ಲಿ ದನಗಳಿಗೆ ಕಿಚ್ಚು ಹಾಯಿಸುವಾಗಲೂ ಹೀಗೇ ಕೂಗುತ್ತಿದ್ದೆವು. ಕೊಂಬಿಗೆ ಬಣ್ಣ ಬಳಿದ ಎತ್ತುಗಳು ಇಲ್ಲಿಲ್ಲ, ಅಷ್ಟೇ. ಮುಖಕ್ಕೆ ತಾಗುವ ಬಿಸಿ, ಬೆನ್ನಿಗೆ ತಾಗುವ ಚಳಿ ಎರಡೂ ಅವೇ.

ಎಳ್ಳು, ಕಡಲೆಕಾಯಿ ಎರಡಕ್ಕೂ ಇಲ್ಲಿ ಬೇರೆ ಲೆಕ್ಕವಿದೆ. ಯುರೋಪಿನಲ್ಲಿ ಆಹಾರದ ಮೇಲೆ ಕಡ್ಡಾಯವಾಗಿ ನಮೂದಿಸಬೇಕಾದ 14 ಅಲರ್ಜಿ ಪದಾರ್ಥಗಳಲ್ಲಿ ಇವೆರಡೂ ಸೇರಿವೆ. ಮನೆಯಿಂದ ಮನೆಗೆ ಕೊಡುವುದಕ್ಕೆ ಆ ಕಾನೂನು ಬೇಕಿಲ್ಲ. ಆದರೂ ಗೊತ್ತಿಲ್ಲದವರ ಕೈಗೆ ತಿನ್ನುವುದನ್ನು ಕೊಡುವಾಗ ಹೇಳಬೇಕು ಅಲ್ವಾ? ಒಂಬತ್ತು ಸಣ್ಣ ಡಬ್ಬಿಗಳಿಗೂ ಚೀಟಿ ಅಂಟಿಸಿದೆ: ಎಳ್ಳು, ಕಡಲೆಕಾಯಿ, ತೆಂಗಿನಕಾಯಿ, ಹುರಿಗಡಲೆ, ಬೆಲ್ಲ. ಬರೆಯುವಾಗ ಗಮನಿಸಿದೆ. ಕಡಲೆಕಾಯಿಗೆ ಜರ್ಮನ್‌ನಲ್ಲಿ ಎರ್ಡ್‌ನುಸ್, ಅಂದರೆ ನೆಲದ ಕಾಯಿ. ನಮ್ಮಲ್ಲೂ ನೆಲಗಡಲೆ ಎನ್ನುವವರಿದ್ದಾರೆ.

ಮಂಗಳವಾರ ಕೆಲಸದ ದಿನ. ಅರ್ಧ ದಿನ ರಜೆ ಹಾಕಿದೆ. ಮಗಳನ್ನು ಮಣೆಯ ಮೇಲೆ ಕೂರಿಸಿ, ಕೆಂಪು ಹಣ್ಣು, ಕಬ್ಬಿನ ಚೂರು, ಸೆಂಟ್ ನಾಣ್ಯ ಎಲ್ಲ ಸೇರಿಸಿ ತಲೆಯ ಮೇಲೆ ಎರೆದು ಆರತಿ ಮಾಡಿದೆವು. ನಾಣ್ಯ ಮರದ ನೆಲದ ಮೇಲೆ ಉರುಳಿದ ಸದ್ದು ಕೆಳಗಿನ ಮನೆಗೂ ಕೇಳಿಸಿರಬೇಕು. ಆರು ಗಂಟೆಗೆ ಅವಳಿಗೆ ಲಂಗ ತೊಡಿಸಿ, ಮೇಲೊಂದು ಸ್ವೆಟರ್ ಹಾಕಿ ಹೊರಟೆ.

ನಾಲ್ಕನೇ ಮಹಡಿಯಲ್ಲಿ ಒಬ್ಬರೇ ಇರುವ ವಯಸ್ಸಾದ ಹೆಂಗಸು ಚೈನ್ ತೆಗೆಯದೆ ಬಾಗಿಲು ಸ್ವಲ್ಪ ತೆರೆದು, "ಪಾರ್ಸೆಲ್ಲಾ?" ಎಂದರು. ಅಲ್ಲ, ನಮಗೆ ಇವತ್ತು ಹಬ್ಬ ಎಂದೆ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಎನ್ನುವುದನ್ನು ಜರ್ಮನ್‌ನಲ್ಲಿ ಮೊದಲೇ ಅಭ್ಯಾಸ ಮಾಡಿಕೊಂಡಿದ್ದೆ. ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಯಾರ ಜೊತೆ?" ಎಂದು ಕೇಳಿದರು. "ನನ್ನ ಜೊತೆ" ಎಂದೆ. ಚೈನ್ ತೆಗೆದರು.

ಮೇಲಿನ ಮಹಡಿಯ ವಿದ್ಯಾರ್ಥಿ ಚೀಟಿ ಓದಿ ಡಬ್ಬಿ ವಾಪಸ್ ಕೊಟ್ಟ. ಅವನಿಗೆ ಕಡಲೆಕಾಯಿ ಆಗುವುದಿಲ್ಲ, ಮುಟ್ಟಿದರೂ ಕಷ್ಟ. ಚೀಟಿ ಹಾಕಿದ್ದಕ್ಕೆ ಎರಡು ಸಲ ಧನ್ಯವಾದ ಹೇಳಿದ. ಮಗಳ ಕೈಯಲ್ಲಿದ್ದ ಕಬ್ಬಿನ ತುಂಡು ಅವನ ಪಾಲಾಯಿತು. ಹೇಗೆ ತಿನ್ನಬೇಕು ಎಂದು ಅವಳೇ ಜಗಿದು ತೋರಿಸಿದಳು. ಒಬ್ಬರು ಬೇಡ ಎಂದರು. ಇಬ್ಬರು ಮನೆಯಲ್ಲಿರಲಿಲ್ಲ, ಬಾಗಿಲ ಹಿಡಿಗೆ ಚೀಲ ನೇತುಹಾಕಿ ಬಂದೆ.

ಮೊದಲ ಮಹಡಿಯ ಟರ್ಕಿಯ ಅಜ್ಜಿಯ ಮನೆಯಲ್ಲಿ ಮಾತ್ರ ಏನನ್ನೂ ವಿವರಿಸಬೇಕಾಗಲಿಲ್ಲ. ಡಬ್ಬಿ ಬಿಚ್ಚಿ ಕೈಯಲ್ಲಿ ಹಾಕಿಕೊಂಡು, ಒಂದೊಂದನ್ನೇ ಬೆರಳಲ್ಲಿ ಸರಿಸುತ್ತಾ ಹೆಸರು ಹೇಳಿದರು. "ಸುಸಾಮ್. ಲೆಬ್ಲೆಬಿ." ನಾನು ಎಳ್ಳು, ಹುರಿಗಡಲೆ ಎಂದೆ. ಚಳಿಗಾಲದಲ್ಲಿ ಅವರ ಊರಿನಲ್ಲೂ ಎಳ್ಳನ್ನು ನುಣ್ಣಗೆ ಅರೆದು, ದ್ರಾಕ್ಷಿಯ ಕಾಕಂಬಿಯ ಜೊತೆ ಕಲಸಿ ರೊಟ್ಟಿಗೆ ಹಚ್ಚಿ ತಿನ್ನುತ್ತಾರಂತೆ, ಮೈಗೆ ಬಿಸಿ ಎಂದು. ನನ್ನ ಅಜ್ಜಿ ಎಳ್ಳು ಬೆಲ್ಲದ ಬಗ್ಗೆ ಹೇಳುತ್ತಿದ್ದ ಮಾತೇ ಅದು. ಪಶ್ಚಿಮ ಜರ್ಮನಿಯೂ ಟರ್ಕಿಯೂ 1961ರಲ್ಲಿ ಒಪ್ಪಂದ ಮಾಡಿಕೊಂಡ ಮೇಲೆ ಇಲ್ಲಿಗೆ ದುಡಿಯಲು ಬಂದವರಲ್ಲಿ ಅವರ ಗಂಡನೂ ಒಬ್ಬರು. ಇವರು ಬಂದದ್ದು 1972ರಲ್ಲಿ. ಆಗ ಲೆಬ್ಲೆಬಿ ಎಲ್ಲಿ ಸಿಗುತ್ತಿತ್ತು ಎಂದು ಕೇಳಿದೆ. ಸಿಗುತ್ತಿರಲಿಲ್ಲ, ಊರಿಗೆ ಹೋದವರು ಸೂಟ್‌ಕೇಸಿನಲ್ಲಿ ತರುತ್ತಿದ್ದರು ಎಂದರು. ತನ್ನನ್ನು ತೆಯ್ಜೆ ಎಂದು ಕರೆಯಲು ಮಗಳಿಗೆ ಹೇಳಿಕೊಟ್ಟರು. ತೆಯ್ಜೆ ಎಂದರೆ ಅಮ್ಮನ ಅಕ್ಕತಂಗಿ.

ಆ ವಾರವೆಲ್ಲ ಡಬ್ಬಿಗಳು ವಾಪಸ್ ಬಂದವು. ನಮ್ಮ ಬಾಗಿಲ ಹಿಡಿಯಲ್ಲಿ ಒಂದು ಬೆಳಿಗ್ಗೆ ಚೀಲ ನೇತಾಡುತ್ತಿತ್ತು. ತೊಳೆದ ಡಬ್ಬಿ, ಪಕ್ಕದಲ್ಲಿ ಮನೆಯಲ್ಲೇ ಮಾಡಿದ ಪ್ಲಮ್ ಹಣ್ಣಿನ ಜಾಮ್, ನಾಲ್ಕನೇ ಮಹಡಿಯವರ ಕೈಬರಹದ ಒಂದು ಕಾರ್ಡ್. ತೆಯ್ಜೆಯ ಡಬ್ಬಿಯಲ್ಲಿ ಅಕ್ರೋಟು, ಒಣ ಅಂಜೂರ ತುಂಬಿತ್ತು. ಖಾಲಿ ಪಾತ್ರೆ ವಾಪಸ್ ಕೊಡಬಾರದು ಎಂದರು. ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಬೆರಳು ಮಡಿಸಿ ಮನೆ ಎಣಿಸಿದ್ದು ವಿಡಿಯೋದಲ್ಲಿ ಕಂಡಿತು.

ಜುಲೈನಲ್ಲಿ ಒಂದು ಸಂಜೆ ಬೆಲ್ ಆಯಿತು. ತೆಯ್ಜೆ ದೊಡ್ಡ ತಟ್ಟೆ ಹಿಡಿದು ನಿಂತಿದ್ದರು. ಅದರ ಮೇಲೆ ಸಾಲಾಗಿ ಬಟ್ಟಲುಗಳು. ಮೊಹರಂ ತಿಂಗಳಲ್ಲಿ ಅವರು ಆಶುರೆ ಮಾಡುತ್ತಾರೆ. ಗೋಧಿ, ಕಡಲೆ, ಒಣಹಣ್ಣು, ಬೀಜಗಳನ್ನೆಲ್ಲ ಸೇರಿಸಿ ಬೇಯಿಸಿದ ಪಾಯಸ. ದೊಡ್ಡ ಪಾತ್ರೆಯಲ್ಲಿ ಮಾಡಿ ಅಕ್ಕಪಕ್ಕದ ಮನೆಗಳಿಗೆಲ್ಲ ಹಂಚಲೇಬೇಕು. ನಮ್ಮ ಬಟ್ಟಲನ್ನು ಕೊಟ್ಟು, ಅಲ್ಲೇ ನಿಂತು ಕೇಳಿದರು: "ಮೇಲಿನ ಹುಡುಗನಿಗೆ ಯಾವ ಬೀಜ ಆಗಲ್ಲ ಅಂದಿದ್ದೆ?"

ಕಡಲೆಕಾಯಿ ಎಂದೆ. ಇದರಲ್ಲಿ ಅಕ್ರೋಟು, ಹೇಝಲ್ ಬೀಜ ಮಾತ್ರ ಇದೆ, ಆದರೂ ಅವನನ್ನೇ ಕೇಳಿ ಕೊಡುತ್ತೇನೆ ಎಂದು ಮೆಟ್ಟಿಲು ಹತ್ತಿದರು. ಮಗಳು ಚಮಚಗಳನ್ನು ಹಿಡಿದುಕೊಂಡು ಅವರ ಹಿಂದೆಯೇ ಹೋದಳು. ನಾನು ಅಡುಗೆಮನೆಗೆ ಹೋಗಿ, ಬಟ್ಟಲು ತೊಳೆದು ಕೊಡುವಾಗ ಏನು ತುಂಬಿಸಲಿ ಎಂದು ಹುಡುಕಿದೆ. ಮಧ್ಯಾಹ್ನ ಮಾಡಿದ ಮಾವಿನಕಾಯಿ ಚಿತ್ರಾನ್ನ ಇತ್ತು.