ಅಜ್ಜಿಯ ಕಾಲ್ಚೀಲ ಮತ್ತು ನನ್ನ ಜಾಬ್ ಕಾರ್ಡ್

ಪುಣೆಯ ಒಂದು ಲಕ್ಸುರಿ ಕಾರ್ ವರ್ಕ್‌ಶಾಪಿನಲ್ಲಿ ನಾನು ಸರ್ವಿಸ್ ಅಡ್ವೈಸರ್. ಊರು ಧಾರವಾಡ, ಇಲ್ಲಿಗೆ ಬಂದು 11 ವರ್ಷ ಆಯ್ತು. ಯಾವ ಕಂಪನಿ ಅಂತ ಮಾತ್ರ ಕೇಳಬೇಡಿ, ನೌಕರಿ ಇನ್ನೂ ಬೇಕು.

ನಮ್ಮ ಕೆಲಸ ಹೊರಗಿನಿಂದ ಬಹಳ ಸುಲಭ ಕಾಣುತ್ತದೆ. ಇಸ್ತ್ರಿ ಅಂಗಿ, ಕೈಯಲ್ಲಿ ಟ್ಯಾಬ್, "ಬನ್ನಿ ಸರ್, ಕಾಫಿ ತಗೋತೀರಾ?" ನಿಜವಾದ ಕೆಲಸ ಇರುವುದು ಗಿರಾಕಿಯ ದೂರು ಬರೆದುಕೊಳ್ಳುವ ಜಾಬ್ ಕಾರ್ಡಿನ ಎರಡು ಸಾಲಿನಲ್ಲಿ. ಗಿರಾಕಿ ಟೆಕ್ನಿಷಿಯನ್ನನ್ನು ನೋಡುವುದಿಲ್ಲ. ಟೆಕ್ನಿಷಿಯನ್ ಗಿರಾಕಿಯನ್ನು ನೋಡುವುದಿಲ್ಲ. ಅವರಿಬ್ಬರ ನಡುವೆ ಇರುವುದು ನಾನು ಟೈಪ್ ಮಾಡಿದ್ದಷ್ಟೇ. ಅಲ್ಲಿ ನಾನು ತಪ್ಪು ಬರೆದರೆ ಒಳಗೆ ಎಷ್ಟೇ ಬುದ್ಧಿವಂತರಿದ್ದರೂ ತಪ್ಪು ಜಾಗದಲ್ಲೇ ಹುಡುಕುತ್ತಾರೆ.

ಆ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ಕ್ರಾಸ್‌ಓವರ್ ಬಂತು. ಎತ್ತರದ ಸೀಟು, ಮುಂದಿನಿಂದ ಹಿಂದಿನತನಕ ಗಾಜಿನ ಛಾವಣಿ, ಬೆಲೆ 70 ಲಕ್ಷದ ಮೇಲೆ. ಮಾಲೀಕರು ಬಾಗಲಕೋಟೆ ಕಡೆಯವರು, ಹಿಂಜವಾಡಿಯಲ್ಲಿ ದೊಡ್ಡ ಹುದ್ದೆ. ನಾನು ಕನ್ನಡದವನು ಅಂತ ಗೊತ್ತಾದ ಮೇಲೆ ಬೇರೆ ಅಡ್ವೈಸರ್ ಹತ್ತಿರ ಹೋಗುತ್ತಲೇ ಇರಲಿಲ್ಲ.

ಮೊದಲ ಸಲ ಬಂದಾಗ ಹೇಳಿದ್ದು, "ಒಳಗ ಒಂಥರಾ ವಾಸನೀರೀ. ಎಸಿ ಹಾಕಿದ್ರ ಜಾಸ್ತಿ." ನಾನು ಬರೆದೆ, ಎಸಿ ಸ್ಮೆಲ್. ಫಿಲ್ಟರ್ ಬದಲಾಯಿಸಿದೆವು, ಎಸಿ ಕ್ಲೀನಿಂಗ್ ಅಂತ ಒಂದು ಬಿಲ್ ಮಾಡಿದೆವು. ನಮ್ಮಲ್ಲಿ ಅದಕ್ಕೆ ಟಾರ್ಗೆಟ್ ಬೇರೆ ಇದೆ. ಎರಡು ದಿನ ವಾಸನೆ ಹೋಯ್ತಂತೆ. ಆಮೇಲೆ ಅವರೇ ಡ್ಯಾಶ್‌ಬೋರ್ಡಿನ ಮೇಲೆ ಒಂದು ಗಮಗಮ ಬಾಟಲಿ ಇಟ್ಟುಕೊಂಡರು.

ಎರಡನೇ ಸಲ ಬಂದದ್ದು ಪಂಢರಪುರಕ್ಕೆ ಹೋಗುವ ಪಾಲಖಿ ಊರು ದಾಟಿ ಹೋದ ವಾರ. ಈ ಸಲ ಏರ್‌ಬ್ಯಾಗ್ ದೀಪ. ಬರ್ತದ, ಹೋಗ್ತದ. ನಮ್ಮ ಬೇಯಲ್ಲಿ, ಅಂದರೆ ಗಾಡಿ ರಿಪೇರಿ ಮಾಡುವ ಜಾಗದಲ್ಲಿ, ನಿಲ್ಲಿಸಿದಾಗ ದೀಪ ಇಲ್ಲ. ಸ್ಕ್ಯಾನರ್ ಹಾಕಿದರೆ ಒಂದು ಹಳೆ ಫಾಲ್ಟ್ ಕೋಡ್ ಇತ್ತು, ಎಡಗಡೆ ಮುಂದಿನ ಸೀಟಿನ ಸೈಡ್ ಏರ್‌ಬ್ಯಾಗ್ ಸರ್ಕ್ಯೂಟಿನದು. ಅಳಿಸಿದೆವು. ರೋಡ್ ಟೆಸ್ಟ್ ಮಾಡಿದೆವು, ಮತ್ತೆ ಬರಲಿಲ್ಲ. ಕಾರ್ಡಿನ ಮೇಲೆ ಬರೆದೆ, ಫಾಲ್ಟ್ ಇರೇಸ್ಡ್, ಎನ್‌ಟಿಎಫ್. ನೋ ಟ್ರಬಲ್ ಫೌಂಡ್. ನಮ್ಮ ಧಂದೆಯಲ್ಲಿ ಇದಕ್ಕಿಂತ ಸುಖವಾದ ಮೂರು ಅಕ್ಷರ ಇಲ್ಲ. ತೊಂದರೆ ಸಿಗಲಿಲ್ಲ ಅಂದರೆ ತೊಂದರೆ ಇಲ್ಲ ಅಂತಲ್ಲ, ಆದರೆ ಕಂಪ್ಯೂಟರಿನಲ್ಲಿ ಕಾರ್ಡ್ ಕ್ಲೋಸ್ ಆಗುತ್ತದೆ.

ಮೂರನೇ ಸಲ ಅವರ ತಾಯಿಯೂ ಬಂದಿದ್ದರು. ಎಂಬತ್ತರ ಹತ್ತಿರದ ಅಜ್ಜಿ, ಇಳಕಲ್ ಸೀರೆ, ಕಾಲಿಗೆ ಉಣ್ಣೆ ಕಾಲ್ಚೀಲ. ಮಗ ಫೋನಿನಲ್ಲಿದ್ದರು. ಅಜ್ಜಿ ನನ್ನ ಕರೆದು, "ಯಾವೂರಪಾ ನಿಂದು?" ಅಂದರು.

"ಧಾರವಾಡರೀ ಅಜ್ಜಿ."

"ಹಂಗಾರ ನೀ ನಮ್ಮಾಂವ. ಕೇಳಿಲ್ಲೆ. ಗಾಡ್ಯಾಗ ಕುಂತ್ರ ನನ್ನ ಕಾಲ್ಚೀಲ ತೊಯ್ತಾವ. ಚಪ್ಪಲಿ ಬಿಚ್ಚಿ ಕಾಲಿಟ್ಟಿರ್ತೀನಿ, ಇಳಿಯೂ ಮುಂದ ನೋಡಿದ್ರ ಹಸಿ. ಇವಂಗ ಹೇಳಿದ್ರ ನಿನ್ನ ಬಾಟ್ಲಿ ಸೋರಿರಬೇಕು ಅಂತಾನ."

ನಾನು ನಕ್ಕೆ. ಹಿಂದಿನ ಸೀಟಿನವರ ಕಾಲಿಗೂ ಎಸಿ ಗಾಳಿ ಬರುತ್ತದೆ ಅಜ್ಜಿ, ತಂಪಾಗಿರುವುದು ಹಸಿ ಅನ್ನಿಸುತ್ತದೆ ಅಂತ ಸಮಾಧಾನ ಹೇಳಿದೆ. ಟ್ಯಾಬಿನಲ್ಲಿ ಅದನ್ನು ಬರೆಯಲೇ ಇಲ್ಲ. ಬರೆದದ್ದು ಒಂದೇ, ಏರ್‌ಬ್ಯಾಗ್ ಲ್ಯಾಂಪ್ ಇಂಟರ್‌ಮಿಟೆಂಟ್. ಮತ್ತೆ ಅದೇ ಕೋಡ್, ಮತ್ತೆ ಇರೇಸ್, ಮತ್ತೆ ಎನ್‌ಟಿಎಫ್.

ಎರಡು ವಾರ ಬಿಟ್ಟು ಅವರು ಊರಿನಿಂದ ವಾಪಸ್ ಬರುವಾಗ ಕಾತ್ರಜ್‌ನ ಹೊಸ ಸುರಂಗ ದಾಟಿ ನವಲೆ ಬ್ರಿಡ್ಜ್ ಕಡೆ ಇಳಿಯುವ ಇಳಿಜಾರಿನಲ್ಲಿ ದೀಪ ಹತ್ತಿತು. ಈ ಸಲ ಆರಲೇ ಇಲ್ಲ. ಪುಣೆಯಲ್ಲಿ ಇರುವವರಿಗೆ ಆ ಇಳಿಜಾರಿನ ಬಗ್ಗೆ ಹೇಳಬೇಕಾಗಿಲ್ಲ. ಬ್ರೇಕ್ ಸೋತ ಟ್ರಕ್ಕುಗಳು ಸಾಲಾಗಿ ಕಾರುಗಳನ್ನು ಗುದ್ದುವ ಜಾಗ ಅದು. ಏರ್‌ಬ್ಯಾಗ್ ದೀಪ ಉರಿಯುತ್ತಿದೆ ಅಂದರೆ ಗುದ್ದಿದಾಗ ಚೀಲ ಉಬ್ಬುತ್ತದೆ ಅನ್ನುವ ಭರವಸೆ ಇಲ್ಲ ಅಂತ ಅರ್ಥ. ಏನೂ ಆಗಲಿಲ್ಲ. ಸುಮ್ನೆ ಮನೆ ಸೇರಿದರು. ಮರುದಿನ ಬೆಳಿಗ್ಗೆ ಮಾಲೀಕರು ಬಂದು ಕೀಲಿಯನ್ನು ಟೇಬಲ್ ಮೇಲೆ ಇಟ್ಟು, "ಇದ ದುಡ್ಡಿನಾಗ ಊರಾಗ ಮನೀ ಕಟ್ಟಸ್ತಿದ್ನೆಲ್ರೀ" ಅಂದರು. ಕೂಗಾಡಿದ್ದರೆ ನನಗೆ ಸಲೀಸಾಗುತ್ತಿತ್ತು.

ಆ ದಿನ ಗಾಡಿ ನಮ್ಮ ಹಿರಿಯ ಟೆಕ್ನಿಷಿಯನ್ ಕೈಗೆ ಹೋಯ್ತು. ಸಾಂಗ್ಲಿ ಕಡೆಯವರು, ಎಲ್ಲರೂ ಮಾಮಾ ಅಂತೇವೆ. ಅವರು ಸ್ಕ್ಯಾನರ್ ಮುಟ್ಟುವ ಮೊದಲು ಕೇಳಿದ್ದು, ಗಿರಾಕಿ ಬೇರೆ ಏನೇನು ಹೇಳಿದ್ದರು? ವಾಸನೆ ಅಂದೆ. ಆಮೇಲೆ ನಾಚಿಕೆಯಿಂದಲೇ ಅಜ್ಜಿಯ ಕಾಲ್ಚೀಲದ ಕಥೆ ಹೇಳಿದೆ. ಮಾಮಾ ನನ್ನನ್ನು ಒಂದು ಕ್ಷಣ ನೋಡಿದರು. ಏನೂ ಅನ್ನಲಿಲ್ಲ.

ಬ್ಯಾಟರಿ ಕಳಚಿದರು. ಸಿಸ್ಟಮಿನಲ್ಲಿ ಉಳಿದ ಕರೆಂಟ್ ಇಳಿಯಲಿ ಅಂತ ಕೆಲವು ನಿಮಿಷ ಕಾದರು, ಏರ್‌ಬ್ಯಾಗ್ ಕೆಲಸದಲ್ಲಿ ಅವಸರ ಮಾಡುವ ಹಾಗಿಲ್ಲ. ಎಡಗಡೆ ಮುಂದಿನ ಸೀಟಿನ ಬೋಲ್ಟ್ ಬಿಚ್ಚಿ ಸೀಟ್ ಹೊರಗಿಟ್ಟರು. ಕೆಳಗೆ ಹಳದಿ ಕನೆಕ್ಟರ್, ಏರ್‌ಬ್ಯಾಗಿನ ವೈರಿಂಗ್ ಗುರುತಿಗೆ ಹಳದಿ ಬಣ್ಣವೇ ಇರುತ್ತದೆ. ಅದನ್ನು ಬಿಡಿಸಿ ಟಾರ್ಚ್ ಹಿಡಿದರೆ ಒಳಗಿನ ಪಿನ್ ಹಿತ್ತಾಳೆ ತಂಬಿಗೆಗೆ ಬರುವ ಹಾಗೆ ಹಸಿರುಗಟ್ಟಿತ್ತು. ಕಾರ್ಪೆಟ್ ಮೇಲೆ ಕೈ ಆಡಿಸಿದರೆ ಒಣಗಿದೆ. ಮಾಮಾ ಅಂಚು ಎತ್ತಿ ಕೆಳಗಿನ ದಪ್ಪ ಫೋಮನ್ನು ಅಂಗೈಯಿಂದ ಒತ್ತಿದರು. ಬೆರಳುಗಳ ನಡುವಿನಿಂದ ಕಂದು ನೀರು ಉಕ್ಕಿತು. "ಬಘ್, ಪಾಣೀಚ್ ಪಾಣೀ" ಅಂದರು. ನೋಡು, ಬರೀ ನೀರೇ ನೀರು.

ನೀರು ಎಲ್ಲಿಂದ? ಗಾಜಿನ ಛಾವಣಿ ಅಂದರೆ ನೀರು ಒಂದು ಹನಿಯೂ ಒಳಗೆ ಬಾರದ ಹಾಗೆ ಬಿಗಿದಿರುತ್ತಾರೆ ಅಂತ ಜನ ತಿಳಿದಿರುತ್ತಾರೆ. ಹಾಗಲ್ಲ. ಗಾಜಿನ ಸುತ್ತಲಿನ ರಬ್ಬರ್ ದಾಟಿ ಸ್ವಲ್ಪ ನೀರು ಬಂದೇ ಬರುತ್ತದೆ. ಅದಕ್ಕಾಗಿಯೇ ಕೆಳಗೆ ಒಂದು ಕಾಲುವೆ, ಮೂಲೆಗಳಿಂದ ಸಣ್ಣ ಪೈಪುಗಳು. ಮುಂದಿನವು ವಿಂಡ್‌ಶೀಲ್ಡ್ ಪಕ್ಕದ ಕಂಬದೊಳಗೆ ಇಳಿದು ಹೊರಗೆ ಬಿಡುತ್ತವೆ. ಮಾಮಾ ಒಂದು ಬಾಟಲಿ ನೀರನ್ನು ಮೂಲೆಮೂಲೆಗೆ ಹನಿಸಿದರು. ಮೂರು ಕಡೆ ನೆಲದ ಮೇಲೆ ಬಿತ್ತು. ಮುಂದಿನ ಎಡಗಡೆ ಮಾತ್ರ ಕಾಲುವೆಯಲ್ಲೇ ನಿಂತಿತು. ಹವಾ ಹೊಡೆಯೋಣವಾ ಅಂತ ಹುಡುಗನೊಬ್ಬ ಕೇಳಿದ, ಮಾಮಾ ಬೈದರು. ಜೋರು ಹವಾ ಬಿಟ್ಟರೆ ಪೈಪ್ ಕಂಬದೊಳಗೇ ಕಳಚಿಕೊಂಡು ಇನ್ನಷ್ಟು ಹಾಳಾಗುತ್ತದೆ. ತೆಳು ನೈಲಾನ್ ದಾರವನ್ನು ನಿಧಾನ ಇಳಿಸಿ ತಿರುವಿದರು. ತುದಿಗೆ ಕೆಸರಿನಂಥ ಮುದ್ದೆ, ಅದರಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಎಲೆಗಳು.

ಮಾಲೀಕರಿಗೆ ಫೋನ್ ಮಾಡಿ, "ಗಾಡಿ ಎಲ್ಲಿ ನಿಲ್ಲಿಸ್ತೀರಿ ಸರ್?" ಅಂದೆ. ಔಂಧ್‌ನಲ್ಲಿ ಸೊಸೈಟಿ ಒಳಗೆ, ಗುಲ್‌ಮೊಹರ್ ಮರದ ಕೆಳಗೆ. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆ.

ಆಮೇಲೆ ಎಲ್ಲಾ ತಾಳೆಯಾಯ್ತು. ಪೈಪ್ ಕಟ್ಟಿಕೊಂಡಿದ್ದರಿಂದ ನೀರು ಕಂಬದೊಳಗಿನಿಂದ ಎಡಗಡೆ ಮುಂದಿನ ಕಾಲಿಡುವ ಜಾಗಕ್ಕೆ ಇಳಿದಿದೆ. ಅಲ್ಲಿ ರಬ್ಬರ್ ಮ್ಯಾಟ್ ಇದ್ದಿದ್ದರಿಂದ ಯಾರಿಗೂ ಕಂಡಿಲ್ಲ. ಘಾಟ್ ಹತ್ತುವಾಗ ಹಿಂದಕ್ಕೆ ಹರಿದು ಅಜ್ಜಿಯ ಕಾಲ್ಚೀಲ, ಇಳಿಯುವಾಗ ಮುಂದಕ್ಕೆ ಹರಿದು ಸೀಟಿನ ಕೆಳಗಿನ ಕನೆಕ್ಟರ್. ನಮ್ಮ ಬೇ ಸಪಾಟು, ಮೇಲೆ ಸೂರು. ಅಲ್ಲಿ ಫಾಲ್ಟ್ ಸಿಗಬೇಕು ಅಂದರೆ ಹೇಗೆ ಸಿಕ್ಕೀತು? ವಾಸನೆಗೆ ಒಂದು ಕಾರ್ಡ್, ದೀಪಕ್ಕೆ ಎರಡು ಕಾರ್ಡ್, ಕಾಲ್ಚೀಲಕ್ಕೆ ಒಂದು ನಗು. ಗಿರಾಕಿ ಒಂದೇ ಮಾತನ್ನು ಮೂರು ರೀತಿ ಹೇಳಿದ್ದರು.

ಇಲ್ಲಿಂದ ಶುರುವಾಗಿದ್ದು ವಾರಂಟಿ ಜಗಳ. ಎಲೆ ಬಿದ್ದದ್ದು ಹೊರಗಿನ ಕಾರಣ, ಪೈಪ್ ಕ್ಲೀನ್ ಇಡುವುದು ಮಾಲೀಕರ ಜವಾಬ್ದಾರಿ ಅಂತ ಮೇಲಿನವರ ಉತ್ತರ. ಪುಸ್ತಕದ ಪ್ರಕಾರ ಸರಿ ಇರಬಹುದು. ನನ್ನ ಅಭಿಪ್ರಾಯ ಬೇರೆ. ಮರದ ಕೆಳಗೆ ಕಾರು ನಿಲ್ಲಿಸುವುದು ಅಪರಾಧವಲ್ಲ, ಪುಣೆಯಲ್ಲಿ ನೆರಳು ಸಿಕ್ಕರೆ ಪುಣ್ಯ. ಕಟ್ಟಿಕೊಳ್ಳುವಂಥ ಸಣ್ಣ ಪೈಪ್, ಅದು ಸೋರಿದರೆ ನೀರು ನಿಲ್ಲುವ ತಗ್ಗು, ಆ ತಗ್ಗಿನಲ್ಲೇ ಏರ್‌ಬ್ಯಾಗ್ ಕನೆಕ್ಟರ್. ಈ ಮೂರನ್ನೂ ಹಾಗೆ ಜೋಡಿಸಿದ್ದು ಗುಲ್‌ಮೊಹರ್ ಅಲ್ಲವಲ್ಲ. ಫೋಟೋ ಹಾಕಿ ಮೂರು ಪುಟದ ರಿಪೋರ್ಟ್ ಕಳಿಸಿದೆ. ಕೊನೆಗೆ ವೈರಿಂಗ್ ಕಂಪನಿಯದು, ಕಾರ್ಪೆಟ್ ಖರ್ಚು ಅರ್ಧ ಅರ್ಧ ಅಂತ ಆಯ್ತು. ಮಾಲೀಕರಿಗೆ ಪೂರ್ತಿ ಖುಷಿ ಆಗಲಿಲ್ಲ, ನನಗೂ ಇಲ್ಲ.

'ಮಾಲೀಕರಿಗೇ ಗೊತ್ತಾಗುವುದಿಲ್ಲ' ಅನ್ನುವ ಈ ರೋಗ ನಮ್ಮಲ್ಲಿ ಮಾತ್ರ ಇಲ್ಲ. 2016ರಲ್ಲಿ ಜೀಪ್ ಗ್ರ್ಯಾಂಡ್ ಚೆರೋಕಿ ಮತ್ತು ಅದರ ಜೊತೆಯ ಕಾರುಗಳು ಸೇರಿ ಸುಮಾರು 11 ಲಕ್ಷ ಗಾಡಿಗಳನ್ನು ದೋಷ ಸರಿಪಡಿಸಲು ವಾಪಸ್ ಕರೆದರು, ಇದಕ್ಕೇ ರೀಕಾಲ್ ಅನ್ನುವುದು. ಅವುಗಳ ಗೇರ್ ಲಿವರ್ ಎತ್ತ ತಳ್ಳಿದರೂ ಮತ್ತೆ ನಡುವಿಗೇ ಬಂದು ನಿಲ್ಲುತ್ತಿತ್ತು. ಪಾರ್ಕ್‌ಗೆ ಹಾಕಿದೆ ಅಂದುಕೊಂಡು ಇಳಿದರೆ ಗಾಡಿ ಉರುಳುತ್ತಿತ್ತು. ಆ ಜೂನ್‌ನಲ್ಲಿ ನಟ ಆಂಟನ್ ಯೆಲ್ಚಿನ್ ತಮ್ಮ ಮನೆಯ ಇಳಿಜಾರಿನಲ್ಲಿ ತಮ್ಮದೇ ಗ್ರ್ಯಾಂಡ್ ಚೆರೋಕಿಗೆ ಸಿಕ್ಕಿ ಸತ್ತರು. ನಮ್ಮ ಕೌಂಟರಿಗೆ ಬಂದು ಯಾರಾದರೂ ಗಾಡಿ ತಾನಾಗೇ ಉರುಳಿತು ಅಂದರೆ ನಾವು ಏನು ಮಾಡುತ್ತಿದ್ದೆವು? ಗೇರ್ ಹಾಕುವುದು ಹೇಗೆ ಅಂತ ಅವರಿಗೇ ಪಾಠ ಮಾಡುತ್ತಿದ್ದೆವು.

ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು ಘಟನೆ. 2009ರ ಆಗಸ್ಟ್ 28, ಅಮೆರಿಕದ ಸ್ಯಾನ್ ಡಿಯೇಗೋ ಹತ್ತಿರ. ಹೈವೇ ಪೊಲೀಸ್ ಅಧಿಕಾರಿಯೊಬ್ಬರು ತಮ್ಮ ಲೆಕ್ಸಸ್ ಸರ್ವಿಸ್‌ಗೆ ಬಿಟ್ಟು, ಡೀಲರ್ ಕೊಟ್ಟ ಇಎಸ್ 350 ಕಾರಿನಲ್ಲಿ ಮನೆಯವರ ಜೊತೆ ಹೊರಟಿದ್ದರು. ಆ ಸೆಡಾನ್ ಒಳಗೆ ಯಾರೋ ಆರ್‌ಎಕ್ಸ್ 400ಎಚ್ ಕ್ರಾಸ್‌ಓವರಿನ ರಬ್ಬರ್ ಮ್ಯಾಟ್ ಹಾಕಿದ್ದರು. ಮ್ಯಾಟಿಗೆ ಆಕ್ಸಿಲರೇಟರ್ ಸಿಕ್ಕಿಕೊಂಡಿತು, ಕಾರು ನಿಲ್ಲಲಿಲ್ಲ. ನಾಲ್ಕೂ ಜನ ಹೋದರು. ಆಮೇಲಿನ ತನಿಖೆಯಲ್ಲಿ ಗೊತ್ತಾಗಿದ್ದು ಏನೆಂದರೆ, ಕೆಲವೇ ದಿನ ಮುಂಚೆ ಅದೇ ಕಾರು ಒಯ್ದಿದ್ದ ಇನ್ನೊಬ್ಬ ಗಿರಾಕಿಗೂ ಹೀಗೇ ಆಗಿತ್ತು. ಅವರು ಹೇಗೋ ಬಚಾವಾಗಿ, ಕಾರು ವಾಪಸ್ ಕೊಡುವಾಗ ಮ್ಯಾಟಿನ ವಿಷಯ ರಿಸೆಪ್ಷನ್ನಿನಲ್ಲಿ ಹೇಳಿದ್ದರು. ಹೇಳಿದ್ದು ಅಲ್ಲೇ ಉಳಿಯಿತು. ಆ ಶರತ್ಕಾಲದಲ್ಲಿ, ಲೆಕ್ಸಸ್ ತಯಾರಿಸುವ ಟೊಯೋಟಾ ಕಂಪನಿ ಮ್ಯಾಟ್ ಕಾರಣಕ್ಕೆ ಸುಮಾರು 38 ಲಕ್ಷ ಗಾಡಿಗಳ ಬಗ್ಗೆ ರೀಕಾಲ್ ಹೊರಡಿಸಿತು. ನನಗೆ ಆ 38 ಲಕ್ಷಕ್ಕಿಂತ ಕೌಂಟರಿನಲ್ಲಿ ಕೂತಿದ್ದ ಆ ಒಬ್ಬ ಮನುಷ್ಯನೇ ಕಣ್ಣ ಮುಂದೆ ಬರುವುದು. ಬಹುಶಃ ನಕ್ಕು, "ಆಯ್ತು ಸರ್, ಹೇಳ್ತೀನಿ" ಅಂದಿರಬೇಕು.

ನಮ್ಮ ದೇಶದಲ್ಲೂ ಈಗ ಕಾನೂನು ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದು ರೀಕಾಲ್ ಕಲಂ ಸೇರಿಸಿದರು, ನಿಯಮ ಜಾರಿಗೆ ಬಂದದ್ದು 2021ರ ಏಪ್ರಿಲ್ 1ರಿಂದ. ಏಳು ವರ್ಷದೊಳಗಿನ ಗಾಡಿಗಳಿಗೆ ಅನ್ವಯ, ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ಒಂದು ಮಾಡೆಲ್ ಮಾಲೀಕರಲ್ಲಿ ಇಷ್ಟು ಜನ ಒಂದೇ ದೋಷದ ದೂರು ಕೊಟ್ಟರೆ ಕ್ರಮ ಅನ್ನುವ ಲೆಕ್ಕ ಅದರಲ್ಲಿದೆ. ಆದರೆ ಪುಣೆಯಲ್ಲಿ ನಾನು 'ಎಸಿ ಸ್ಮೆಲ್' ಅಂತಲೂ, ಥಾಣೆಯಲ್ಲಿ ಇನ್ನೊಬ್ಬ 'ಕಾರ್ಪೆಟ್ ಕ್ಲೀನಿಂಗ್' ಅಂತಲೂ, ಪಣಜಿಯಲ್ಲಿ ಮತ್ತೊಬ್ಬ 'ಎನ್‌ಟಿಎಫ್' ಅಂತಲೂ ಬರೆದರೆ ಒಂದೇ ದೋಷ ಅಂತ ಗೊತ್ತಾಗುವುದು ಯಾರಿಗೆ?

ಇನ್ನೊಂದು ತಾಪತ್ರಯ, ರೀಕಾಲ್ ಬಂದಾಗ ಗಿರಾಕಿಗಳೇ ಬರುವುದಿಲ್ಲ. ಟಕಾಟಾ ಕಂಪನಿಯ ಏರ್‌ಬ್ಯಾಗಿನೊಳಗೆ ಚೀಲ ಉಬ್ಬಿಸಲು ಇಟ್ಟ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಶೆಕೆ ಮತ್ತು ತೇವಕ್ಕೆ ಕೆಡುತ್ತದೆ, ಆಮೇಲೆ ಚೀಲ ಉಬ್ಬುವಾಗ ಲೋಹದ ಚೂರು ಸಿಡಿಯುತ್ತದೆ. ಮುಂಬೈ, ಗೋವಾ ಹವಾಕ್ಕಿಂತ ಶೆಕೆ ಮತ್ತು ತೇವ ಇನ್ನೆಲ್ಲಿ? ಅಂಥ ರೀಕಾಲ್‌ಗೆ ಫೋನ್ ಮಾಡಿದರೂ, "ಗಾಡಿ ಛಲೋ ಓಡ್ತದ, ಯಾಕ ಬಿಚ್ಚಸ್ಲಿ?" ಅನ್ನುವವರಿದ್ದಾರೆ. ದಯವಿಟ್ಟು ಬನ್ನಿ, ರೀಕಾಲ್ ಕೆಲಸಕ್ಕೆ ದುಡ್ಡು ತಗೊಳ್ಳುವುದಿಲ್ಲ.

ಈಗ ನಾನು ಗಿರಾಕಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಕಂಪ್ಯೂಟರಿನಲ್ಲಿ ಜಾಗ ಸಾಲದಿದ್ದರೆ ಫೋಟೋ ಹೊಡೆದು ಸೇರಿಸುತ್ತೇನೆ. ಯಾರು ಎಲ್ಲಿ ಕೂತಿದ್ದರು, ಮಳೆ ಇತ್ತಾ, ಏರಾ ಇಳಿಜಾರಾ, ರಾತ್ರಿ ಗಾಡಿ ಎಲ್ಲಿತ್ತು ಅಂತ ಕೇಳುತ್ತೇನೆ. ಹಿಂದಿನ ಸೀಟಿನವರು ಜೊತೆಗೆ ಬಂದಿದ್ದರೆ ಅವರನ್ನೂ ಕೇಳುತ್ತೇನೆ, ಡ್ರೈವರ್ ಇದ್ದರೆ ಮೊದಲು ಡ್ರೈವರ್‌ನನ್ನೇ. ಮೇ ತಿಂಗಳಲ್ಲಿ ಗಾಜಿನ ಛಾವಣಿಯ ಗಾಡಿ ಬಂದರೆ ಮಾಮಾನ ಬಾಟಲಿ ನೀರಿನ ಪರೀಕ್ಷೆ ಆಗಲೇಬೇಕು. ಒಂದು ಕಾರ್ಡಿಗೆ ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಮ್ಯಾನೇಜರ್ ಗೊಣಗುತ್ತಾರೆ. 'ಮದರ್ ಸಾಕ್ಸ್ ವೆಟ್, ರಿಯರ್ ಲೆಫ್ಟ್, ಆಫ್ಟರ್ ರೇನ್' ಅಂತ ತಡವಾಗಿ ಬರೆದ ಆ ಕಾರ್ಡಿನ ಪ್ರಿಂಟ್ ನನ್ನ ಡ್ರಾವರಿನಲ್ಲಿದೆ. ಹೊಸ ಹುಡುಗರು ಅದನ್ನು ಓದಿ ನಗುತ್ತಾರೆ.

ದಸರಾ ಹೊತ್ತಿಗೆ ರೆಗ್ಯುಲರ್ ಸರ್ವಿಸ್‌ಗೆ ಗಾಡಿ ಬಂತು. ಅಜ್ಜಿಯೂ ಬಂದಿದ್ದರು. ಡಿಲಿವರಿ ಮುಂಚೆ ಹಿಂದಿನ ಬಾಗಿಲು ತೆಗೆಸಿ, ಚಪ್ಪಲಿ ಬಿಚ್ಚಿ, ಕಾಲ್ಚೀಲದ ಕಾಲಿನಿಂದ ಕಾರ್ಪೆಟನ್ನು ನಾಲ್ಕು ಕಡೆ ಒತ್ತಿ ನೋಡಿದರು.

"ಒಣಗೇತಿ. ಆದ್ರ ಈಗ ನನ್ನ ಕಿವೀ ಹಂತೇಲೆ ಏನೋ ಟಿಕ್ ಟಿಕ್ ಅಂತೈತಿ. ಬರ್ಕೋ."

ಬರೆದುಕೊಂಡೆ.