ಹೆಸರಿಲ್ಲದ ಬನಿಯನ್ನು

ಪಕ್ಕದ ಮನೆ ಅಜ್ಜಿ ಗ್ಯಾರೇಜು ಗುಡಿಸಲು ಹೊರಟರೆ ನಮ್ಮ ಬೀದಿಗೇ ಗೊತ್ತಾಗುತ್ತದೆ. ತುಕ್ಕು ಹಿಡಿದ ಕುರ್ಚಿ, ಕ್ರಿಸ್‌ಮಸ್ ದೀಪದ ಸರ, ಅವರ ಯಜಮಾನರ ಮೀನು ಹಿಡಿಯೋ ಕೋಲು ಎಲ್ಲ ಹೊರಗೆ ಬಂದು ಹುಲ್ಲಿನ ಮೇಲೆ ಕೂರುತ್ತವೆ. ಬೇಕಾದವರು ಬೇಕಾದ್ದು ಒಯ್ಯಬಹುದು. ಈ ಏಪ್ರಿಲ್‌ನಲ್ಲಿ ನನ್ನ ಮಗಳ ಪಾಲಿಗೆ ಬಂದದ್ದು ಒಂದು ಕೆಂಪು ಬನಿಯನ್ನು. ಎದೆ ಮೇಲೆ ಬಿಳಿ ಅಕ್ಷರದಲ್ಲಿ ‘ಇಂಡಿಯಾನಾ’, ಬೆನ್ನ ಮೇಲೆ ಬರೀ ನಂಬರು. ಹನ್ನೊಂದು ವರ್ಷದ ಹುಡುಗಿ. ಹಿಂದೆ ಮುಂದೆ ತಿರುಗಿಸಿ ನೋಡಿ, “ಇದು ಯಾರದ್ದು? ಹೆಸರೇ ಇಲ್ಲವಲ್ಲ” ಅಂದಳು.

“ನಮ್ಮ ಟೀಮಿನವರು ಬೆನ್ನಿಗೆ ಹೆಸರು ಹಾಕ್ತಿರಲಿಲ್ಲ ಮಗಾ. ಆಡೋನಿಗಿಂತ ಟೀಮು ದೊಡ್ಡದು ಅಂತ.” ಅಜ್ಜಿ ಬನಿಯನ್ನಿನ ತೋಳು ನೀವಿ, ಮಡಿಸಿ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ ನಕ್ಕರು. “ಈಗ ನೋಡು, ಅದೇ ಅನುಕೂಲ ಆಯ್ತು. ವರ್ಷಾ ವರ್ಷಾ ಹೆಸರು ಬಿಚ್ಚಿ ಹೊಲಿಯೋ ಕೆಲಸ ಉಳೀತು.”

ನಾನೂ ನಕ್ಕೆ. ಅಜ್ಜಿ ನಕ್ಕದ್ದು ನಗುವಲ್ಲ ಅಂತ ಗೊತ್ತಿತ್ತು.

ನಾವಿರುವ ಬ್ಲೂಮಿಂಗ್ಟನ್ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿದೆ, ಇಂಡಿಯಾನಾ ಯೂನಿವರ್ಸಿಟಿ ಅನ್ನುವ ಕಾಲೇಜಿನ ಊರು. ಇಲ್ಲಿ ಬಾಸ್ಕೆಟ್‌ಬಾಲ್ ಅಂದರೆ ನಮ್ಮ ಕಡೆ ಜಾತ್ರೆ, ರಥ, ಊಟ ಎಲ್ಲ ಸೇರಿದ ಹಾಗೆ. ಕಾಲೇಜಿನ ಕ್ರೀಡಾಂಗಣ ಅಸೆಂಬ್ಲಿ ಹಾಲ್‌ನಲ್ಲಿ 17 ಸಾವಿರ ಜನ ಕೂರುತ್ತಾರೆ. ಅಲ್ಲಿ ಐದು ಬ್ಯಾನರು ತೂಗುತ್ತವೆ: 1940, 1953, 1976, 1981, 1987. ರಾಷ್ಟ್ರೀಯ ಚಾಂಪಿಯನ್ ಆದ ವರ್ಷಗಳು. 1976ರಲ್ಲಿ 32 ಪಂದ್ಯ ಆಡಿ 32ನ್ನೂ ಗೆದ್ದಿದ್ದರು. ಅಜ್ಜಿಗೆ ಆ ತಂಡದ ಹುಡುಗರ ಹೆಸರು ಈಗಲೂ ಬಾಯಿಪಾಠ. 1985ರಲ್ಲಿ ಕೋಚ್ ಬಾಬ್ ನೈಟ್ ಸಿಟ್ಟಿಗೆದ್ದು ಅಂಕಣದೊಳಕ್ಕೆ ಕುರ್ಚಿ ಎಸೆದದ್ದನ್ನು ಮೊಮ್ಮಗನ ತುಂಟಾಟ ಹೇಳುವ ಹಾಗೆ ಹೇಳುತ್ತಾರೆ. ಈಗಿನ ತಂಡದವರ ಹೆಸರು ಕೇಳಿದರೆ ಮಾತ್ರ ಫ್ರಿಜ್ಜಿನ ಮೇಲೆ ಅಂಟಿಸಿದ ಪಟ್ಟಿ ನೋಡಬೇಕು.

ಅದಕ್ಕೆ ಅವರ ವಯಸ್ಸು ಕಾರಣವಲ್ಲ. 2025ರ ಮಾರ್ಚ್‌ನಲ್ಲಿ ಡೇರಿಯನ್ ಡಿವ್ರೀಸ್ ಹೊಸ ಕೋಚ್ ಆಗಿ ಬಂದರು. ಆ ಬೇಸಿಗೆ ಕಳೆಯುವಷ್ಟರಲ್ಲಿ ಹಳೇ ತಂಡವೇ ಕರಗಿಹೋಗಿತ್ತು. ಕೆಲವರದು ಓದು ಮುಗಿದಿತ್ತು, ಉಳಿದವರು ಬೇರೆ ಬೇರೆ ಕಾಲೇಜಿನ ದಾರಿ ಹಿಡಿದರು. ಬಂದವರೂ ಹೆಚ್ಚಿನವರು ಇನ್ನೊಂದು ಕಾಲೇಜಿನಿಂದ ಎದ್ದು ಬಂದವರೇ. ಕೋಚ್ ಮಗ ಟಕರ್ ಅಪ್ಪನ ಜೊತೆ ಡ್ರೇಕ್ ಕಾಲೇಜಿನಿಂದ ವೆಸ್ಟ್ ವರ್ಜೀನಿಯಾ ಕಾಲೇಜಿಗೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂದಿದ್ದ. ಅಪ್ಪನಿಗೆ ವರ್ಗವಾದರೆ ಮಕ್ಕಳ ಟಿಸಿ ತೆಗೆಸುವುದು ನಮ್ಮಲ್ಲಿ ಸರ್ಕಾರಿ ನೌಕರರ ಮನೆಗಳಲ್ಲಿ ಮಾಮೂಲು. ಅದನ್ನು ಹೇಳಿ ಅಜ್ಜಿಯನ್ನು ನಗಿಸಲು ನೋಡಿದೆ. ಟಿಸಿ ಅಂದರೇನು ಅಂತ ಬಿಡಿಸಿ ಹೇಳುವಷ್ಟರಲ್ಲಿ ತಮಾಷೆ ಸತ್ತುಹೋಯಿತು.

ನಿಮಗಾದರೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿನ ಕಾಲೇಜು ಆಟಗಾರರಿಗೆ ಟಿಸಿ ಸಿಗುವ ಕಿಟಕಿಗೆ ಟ್ರಾನ್ಸ್‌ಫರ್ ಪೋರ್ಟಲ್ ಅಂತ ಹೆಸರು. 2018ರಿಂದ ಇದೆ. ಹುಡುಗ ತನ್ನ ಹೆಸರು ಅದರಲ್ಲಿ ಹಾಕಿಸಿದರೆ ದೇಶದ ಯಾವ ಕೋಚ್ ಬೇಕಾದರೂ ಅವನಿಗೆ ಫೋನ್ ಮಾಡಬಹುದು. ಮೊದಲು ಕಾಲೇಜು ಬದಲಾಯಿಸಿದರೆ ಒಂದು ವರ್ಷ ಬೆಂಚು ಕಾಯಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ವಿನಾಯಿತಿ ಸಿಕ್ಕಿತು. 2024ರಿಂದ ಓದಿನಲ್ಲಿ ಪಾಸಾಗುತ್ತಿದ್ದರೆ ಎಷ್ಟು ಸಲ ಬೇಕಾದರೂ ಹೋಗಬಹುದು. 2025ರ ಒಂದು ವಸಂತದಲ್ಲೇ ಎರಡು ಸಾವಿರಕ್ಕೂ ಹೆಚ್ಚು ಹುಡುಗರು ಪೋರ್ಟಲ್‌ನಲ್ಲಿ ಹೆಸರು ಹಾಕಿಸಿದ್ದರು. ಮೇಲಿನ ದರ್ಜೆಯಲ್ಲಿರುವ ತಂಡಗಳೇ ಸುಮಾರು 360, ಲೆಕ್ಕ ನೀವೇ ಹಾಕಿ.

ಇನ್ನು ದುಡ್ಡಿನ ಮಾತು. 2021ರ ಜುಲೈ 1ರವರೆಗೆ ಕಾಲೇಜು ಆಟಗಾರ ತನ್ನ ಆಟದ ಹೆಸರಿನಲ್ಲಿ ಒಂದು ರೂಪಾಯಿ ದುಡಿಯುವ ಹಾಗಿರಲಿಲ್ಲ. ಟಿವಿ ಹಕ್ಕಿನ ಕೋಟಿಗಟ್ಟಲೆ ಕಾಲೇಜಿಗೆ ಮತ್ತು ಕಾಲೇಜು ಆಟಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎಗೆ, ಸಂಬಳ ಕೋಚಿಗೆ. ಹುಡುಗನಿಗೆ ಫೀಸು, ಊಟ, ಹಾಸ್ಟೆಲು. ಆಮೇಲೆ ತನ್ನ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ದುಡಿಯಲು ಬಿಟ್ಟರು. 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ರಾಜಿಯ ಮೇಲೆ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ದುಡ್ಡು ಕೊಡಲು ಶುರು ಮಾಡಿದವು. ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ ಎಲ್ಲ ಆಟ ಸೇರಿ 2 ಕೋಟಿ 5 ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ 170 ಕೋಟಿ ರೂಪಾಯಿಗೂ ಮೇಲೆ. ಅಮೆರಿಕನ್ ಫುಟ್‌ಬಾಲ್ ದೊಡ್ಡ ಪಾಲು ನುಂಗಿದ ಮೇಲೆ ಬಾಸ್ಕೆಟ್‌ಬಾಲ್ ಸರದಿ.

ಪೆಟ್ಟು ಬಿದ್ದದ್ದು ಸಣ್ಣ ಕಾಲೇಜುಗಳಿಗೆ. ಇಲ್ಲಿಂದ ಕಾರಲ್ಲಿ ಒಂದೂಕಾಲು ಗಂಟೆ ಹೋದರೆ ಟೆರ್ ಹೋಟ್, ಇಂಡಿಯಾನಾ ಸ್ಟೇಟ್ ಇರುವ ಊರು. 2024ರಲ್ಲಿ ಆ ತಂಡ 32 ಪಂದ್ಯ ಗೆದ್ದಿತು. ಕನ್ನಡಕ ಕಟ್ಟಿಕೊಂಡು ಆಡುತ್ತಿದ್ದ ರಾಬಿ ಅವಿಲಾ ಅನ್ನುವ ದಪ್ಪನೆಯ ಹುಡುಗನನ್ನು ದೇಶವೇ ಮುದ್ದು ಮಾಡಿತು. ನನ್ನ ಮಗಳೂ ಈಜಿನ ಕನ್ನಡಕ ಹಾಕಿಕೊಂಡು ಹಿತ್ತಲಲ್ಲಿ ಆಡಿದ್ದಳು. ಸೀಸನ್ ಮುಗಿದದ್ದೇ ಕೋಚ್ ಸೇಂಟ್ ಲೂಯಿಸ್‌ಗೆ ಹೊರಟರು, ಅವಿಲಾ ಹಿಂದೆಯೇ ಹೋದ, ಮಿಕ್ಕವರು ದಿಕ್ಕಿಗೊಬ್ಬರಾದರು. ಸಸಿ ನೆಟ್ಟು ನೀರು ಹೊಯ್ಯುವವರು ಒಬ್ಬರು, ಫಸಲಿಗೆ ಬಂದಾಗ ಗುತ್ತಿಗೆ ಹಿಡಿಯುವವರು ಇನ್ನೊಬ್ಬರು. 2025ರಲ್ಲಿ ಚಾಂಪಿಯನ್ ಆದ ಫ್ಲಾರಿಡಾದ ಮೂವರು ಮುಖ್ಯ ಆಟಗಾರರು ಅಯೋನಾ, ಬೆಲ್ಮಾಂಟ್, ಫ್ಲಾರಿಡಾ ಅಟ್ಲಾಂಟಿಕ್ ಅನ್ನುವ ಸಣ್ಣ ತಂಡಗಳಲ್ಲಿ ಪಳಗಿ ಬಂದವರು.

ಈ ವಿಷಯದಲ್ಲಿ ಅಜ್ಜಿಯೂ ನಾನೂ ಒಂದೇ ಪಾರ್ಟಿ. ವರಾಂಡದಲ್ಲಿ ಕೂತು ಇಬ್ಬರೂ ಬೈಯುತ್ತೇವೆ. ಅಜ್ಜಿಗೆ ಆಂಟನಿ ಲೀಲ್ ಎಂದರೆ ಪ್ರಾಣ. ಇದೇ ಊರಿನ ಹೈಸ್ಕೂಲಿನವನು, ಅಂಕಣಕ್ಕೆ ಇಳಿದದ್ದಕ್ಕಿಂತ ಬೆಂಚಲ್ಲಿ ಕೂತದ್ದೇ ಹೆಚ್ಚು ಅನ್ನುವಂಥ ವರ್ಷಗಳಲ್ಲೂ ಬಿಟ್ಟು ಹೋಗದೆ ಐದು ವರ್ಷ ಇಲ್ಲೇ ಆಡಿದ. ಜಾಹೀರಾತಿನಿಂದ ಬಂದ ದುಡ್ಡಲ್ಲಿ ಅಕ್ಕನ ಓದಿನ ಸಾಲ ತೀರಿಸಿದ. ಆ ವಿಡಿಯೋ ನೋಡಿ ಅಜ್ಜಿ ಅತ್ತಿದ್ದರು. “ಅಂಥ ಹುಡುಗರು ಎಲ್ಲಿದ್ದಾರೆ ಈಗ? ಎಲ್ಲಾ ದುಡ್ಡಿನ ಹಿಂದೆ” ಅನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ. ಲೀಲ್ ಸಾಲ ತೀರಿಸಿದ್ದೂ ಈ ಹೊಸ ದುಡ್ಡಿನಿಂದಲೇ ಅನ್ನುವುದು ಇಬ್ಬರಿಗೂ ಹೊಳೆದಿರಲಿಲ್ಲ.

ಮಕ್ಕಳನ್ನು ಇಲ್ಲಿಗೆ ಓದಲು ಕಳಿಸಿರುವ ಅಪ್ಪ ಅಮ್ಮಂದಿರಿಗಾಗಿ ಇನ್ನೊಂದು ಸಂಗತಿ. ಇದೇ ರಾಜ್ಯದ ಪರ್ಡ್ಯೂ ಕಾಲೇಜಿನಲ್ಲಿ ಝ್ಯಾಕ್ ಈಡಿ ಅಂತ ಕೆನಡಾದ ಹುಡುಗನಿದ್ದ, 7 ಅಡಿ 4 ಅಂಗುಲ. 2023 ಮತ್ತು 2024, ಎರಡು ವರ್ಷವೂ ದೇಶದ ಶ್ರೇಷ್ಠ ಆಟಗಾರ. ಬೆಂಚಲ್ಲಿ ಕೂತವನೂ ಊರಿನ ಕಾರು ಅಂಗಡಿಯ ಜಾಹೀರಾತಲ್ಲಿ ನಿಂತು ಕಾಸು ಮಾಡಬಹುದಿತ್ತು. ಈಡಿಗೆ ಅದಕ್ಕೆ ದಾರಿ ಇರಲಿಲ್ಲ. ಯಾಕೆಂದರೆ ಅವನೂ ನಿಮ್ಮ ಮಕ್ಕಳ ಹಾಗೆ ಎಫ್-1 ವೀಸಾದವನು, ಕ್ಯಾಂಪಸ್ಸಿನ ಹೊರಗೆ ಹೀಗೆ ದುಡಿಯುವ ಹಾಗಿಲ್ಲ. ನಾನು ಅದೇ ಮುದ್ರೆ ಹೊತ್ತು ಬಂದು ಕ್ಯಾಂಟೀನಿನಲ್ಲಿ ವಾರಕ್ಕೆ 20 ಗಂಟೆ ತಟ್ಟೆ ತೊಳೆದವಳು. ವೈರಿ ತಂಡದವನಾದರೂ ಈಡಿಯನ್ನು ಟಿವಿಯಲ್ಲಿ ಕಂಡರೆ ಏನೋ ಸಂಬಂಧಿಕರನ್ನು ಕಂಡ ಹಾಗೆ ಆಗುತ್ತಿತ್ತು. ಇದನ್ನು ಅಜ್ಜಿಗೆ ಹೇಳಿಲ್ಲ, ಮಾತು ಬಿಟ್ಟಾರು.

ಆ ರಾತ್ರಿ ಊಟಕ್ಕೆ ಕೂತಾಗ ಮಗಳು ಕೆಂಪು ಬನಿಯನ್ನಿನಲ್ಲೇ ಇದ್ದಳು, ಮೊಣಕಾಲಿನವರೆಗೆ ಇಳಿಬಿದ್ದಿತ್ತು. ನಾನು ಅಜ್ಜಿಯ ಧಾಟಿಯಲ್ಲೇ ಅವಳಪ್ಪನಿಗೆ ವರದಿ ಒಪ್ಪಿಸುತ್ತಿದ್ದೆ. ಬೆಳೆಸಿದವರನ್ನು ಬಿಟ್ಟು ಹೋಗುತ್ತಾರೆ, ಯಾರು ಹೆಚ್ಚು ಕೊಟ್ಟರೆ ಅವರ ಕಡೆ, ನಿಯತ್ತು ಅನ್ನುವುದೇ ಇಲ್ಲ. ಅವಳು ಚಪಾತಿ ಹರಿಯುತ್ತಾ ಕೇಳಿದಳು:

“ಅಮ್ಮಾ, ಮಾಮ ಕೂಡ ಟ್ರಾನ್ಸ್‌ಫರ್ ಪೋರ್ಟಲ್‌ಗೆ ಹೋಗಿದ್ರಲ್ವಾ?”

ಇವರು ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ. ಹೋದ ವರ್ಷ ಊರಿಗೆ ಹೋದಾಗ ಅಣ್ಣ ಅವಳನ್ನು ಜಗಲಿಯಲ್ಲಿ ಕೂರಿಸಿಕೊಂಡು ತನ್ನ ಕಬಡ್ಡಿ ಕಥೆ ಹೇಳಿದ್ದನಂತೆ. ನನ್ನ ಹತ್ತಿರ ಆ ವಿಷಯ ಅವನು ಯಾವತ್ತೂ ಎತ್ತಿದವನಲ್ಲ.

ತಿಪಟೂರಿನ ಕಡೆಯ ಹಳ್ಳಿ ನಮ್ಮದು. ಅಣ್ಣ ಊರಿನ ಯುವಕರ ಸಂಘದ ರೈಡರ್. ಹೊನಲು ಬೆಳಕಿನ ಪಂದ್ಯಾವಳಿ ಎಂದರೆ ಆಗ ಸುತ್ತಲ ಹೋಬಳಿಯಿಂದ ಜನ ಟ್ರ್ಯಾಕ್ಟರಿನಲ್ಲಿ ಬರುತ್ತಿದ್ದರು. ಸಂಘದ ಬನಿಯನ್ನು ಹಳದಿ. ಎದೆಯ ಮೇಲೆ ಸಂಘದ ಹೆಸರು, ಬೆನ್ನ ಮೇಲೆ ದಾನಿಗಳ ಅಂಗಡಿಯ ಹೆಸರು, ಅದರ ಕೆಳಗೆ ಫೋನ್ ನಂಬರು. ಆಡುವವನ ಹೆಸರು ಅಲ್ಲೂ ಇರಲಿಲ್ಲ. ಗೆದ್ದರೆ ಐದು ಸಾವಿರದ ಒಂದು ರೂಪಾಯಿ ಮತ್ತು ಟ್ರೋಫಿ. ದುಡ್ಡು ಸಂಘದ ಗಣೇಶೋತ್ಸವಕ್ಕೆ ಹೋಗುತ್ತಿತ್ತು, ಟ್ರೋಫಿ ಅಧ್ಯಕ್ಷರ ಮನೆ ಷೋಕೇಸಿಗೆ. ಅಣ್ಣನಿಗೆ ಒಂದು ಹೊತ್ತು ಬಾಡೂಟ, ಬೆನ್ನ ಮೇಲೆ ನಾಲ್ಕು ತಟ್ಟು.

2006ರಲ್ಲಿ ನನಗೆ ಸಿಇಟಿಯಲ್ಲಿ ಸೀಟು ಸಿಕ್ಕಿತು. ಫೀಸು ಹೇಗೋ ಆಯಿತು, ಹಾಸ್ಟೆಲಿಗೆ ದುಡ್ಡಿರಲಿಲ್ಲ. ಆ ವರ್ಷ ಅಣ್ಣ ಪಕ್ಕದ ತಾಲ್ಲೂಕಿನ ಒಂದು ತಂಡಕ್ಕೆ ಗೆಸ್ಟ್ ಪ್ಲೇಯರ್ ಆಗಿ ಆಡಿದ. ಒಂದು ಪಂದ್ಯಾವಳಿಗೆ 500 ರೂಪಾಯಿ, ಬಸ್ ಚಾರ್ಜು ಬೇರೆ. ನಾಲ್ಕನೇ ಸಲಕ್ಕೆ ಊರಿಗೆ ಗೊತ್ತಾಯಿತು. ಸಂಘದವರು ಅರಳಿಕಟ್ಟೆಯಲ್ಲಿ ಸೇರಿ ತೀರ್ಮಾನ ಮಾಡಿದರು: ಊರಿನ ಮಣ್ಣಲ್ಲಿ ಕಲಿತು ದುಡ್ಡಿಗೆ ಮಾರಿಕೊಂಡವನು, ಬನಿಯನ್ನು ವಾಪಸ್ ಕೊಡಬೇಕು. ಅಮ್ಮ ಅದನ್ನು ಒಗೆದು, ಇಸ್ತ್ರಿ ಮಾಡಿ, ಸುದ್ದಿಪತ್ರಿಕೆಯಲ್ಲಿ ಸುತ್ತಿ ಕೊಟ್ಟರು. ಕೊಟ್ಟು ಬರಲು ಹೋದವಳು ನಾನು. ದಾರಿಯುದ್ದಕ್ಕೂ ನನಗೆ ಇದ್ದದ್ದು ಸಿಟ್ಟಲ್ಲ, ನಾಚಿಕೆ. ಅಣ್ಣ ಹೀಗೆ ಮಾಡಬಾರದಿತ್ತು ಅಂತಲೇ ಅನ್ನಿಸಿತ್ತು. ಆ ವಾರ ಹಾಸ್ಟೆಲಿಗೆ ಕಟ್ಟಿದ್ದು ಆ ದುಡ್ಡು.

ಮಾರನೇ ವರ್ಷ ಅಂಥದ್ದೇ ಒಂದು ಪಂದ್ಯದಲ್ಲಿ ಬೋನಸ್ ಗೆರೆ ದಾಟಲು ಹೋಗಿ ಅಣ್ಣನ ಬಲಗಾಲಿನ ಮೊಣಕಾಲು ತಿರುಚಿತು. ಕರೆಸಿಕೊಂಡ ತಂಡದವರು ಆಟೋದಲ್ಲಿ ಹಾಕಿ ಮನೆಗೆ ಕಳಿಸಿದರು. ನಮ್ಮೂರ ಸಂಘದವರು ನೋಡಲು ಬರಲಿಲ್ಲ. ಲಿಗಮೆಂಟ್ ಹರಿದಿದೆ, ಬೆಂಗಳೂರಲ್ಲಿ ಆಪರೇಷನ್ ಆಗಬೇಕು ಎಂದರು ಡಾಕ್ಟರು. ಆಗಲಿಲ್ಲ. ಪಟ್ಟು ಹಾಕಿಸಿದ್ದಾಯಿತು, ಎಣ್ಣೆ ನೀವಿದ್ದಾಯಿತು. ಈಗಲೂ ಮದುವೆ ಮನೆಯಲ್ಲಿ ಅವನು ಪಂಕ್ತಿಯಲ್ಲಿ ಕೂರುವುದಿಲ್ಲ. ಟೇಬಲ್ಲಿನ ಊಟ ಬಂದ ಮೇಲೆ ಅವನಷ್ಟು ಖುಷಿಪಟ್ಟವರು ನಮ್ಮೂರಲ್ಲಿ ಯಾರೂ ಇಲ್ಲ.

ಆ ರಾತ್ರಿಯೇ ಅವನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗ್ಗೆ, ತೋಟದಲ್ಲಿದ್ದ. ಮಗಳ ಮಾತು ಹೇಳಿದೆ. ಪೋರ್ಟಲ್ ಅಂದರೇನು, ಎಷ್ಟು ಕೊಡುತ್ತಾರೆ ಅಂತೆಲ್ಲ ವಿವರಿಸಿದೆ. ಲ್ಯಾರಿ ಬರ್ಡ್ ಅಂತ ದೊಡ್ಡ ಆಟಗಾರ 1974ರಲ್ಲಿ ಇದೇ ನಮ್ಮ ಬ್ಲೂಮಿಂಗ್ಟನ್ ಕಾಲೇಜನ್ನು ಒಂದು ತಿಂಗಳೂ ತುಂಬುವ ಮೊದಲೇ ಬಿಟ್ಟು ಊರಿಗೆ ಹೋಗಿ, ಕಸದ ಗಾಡಿಯಲ್ಲಿ ಕೆಲಸ ಮಾಡಿ, ಮಾರನೇ ವರ್ಷ ಟೆರ್ ಹೋಟ್‌ಗೆ ಸೇರಿದ್ದ ಅನ್ನುವುದನ್ನೂ ಹೇಳಿದೆ. ಯಾಕೆ ಹೇಳಿದೆನೋ, ಕ್ಷಮೆ ಕೇಳಲು ಬಾರದವರು ಸುತ್ತಿ ಬಳಸಿ ಏನೇನೋ ಹೇಳುತ್ತಾರಲ್ಲ ಹಾಗೆ.

ಅಣ್ಣ ಎಲ್ಲ ಕೇಳಿ, “ಅದಿರ್ಲಿ ಕಣಮ್ಮ, ಮಂಡಿ ಹೋದ್ರೆ ಯಾರು ನೋಡ್ಕೋತಾರೆ ಅಲ್ಲಿ?” ಅಂದ.

ಗೊತ್ತಿತ್ತು, ಹೇಳಿದೆ. 2024ರ ಆಗಸ್ಟ್‌ನಿಂದ ನಿಯಮವಿದೆ. ಆಟದಲ್ಲಿ ಆದ ಗಾಯಕ್ಕೆ ಹುಡುಗ ಆಟ ಬಿಟ್ಟ ಮೇಲೂ ಕನಿಷ್ಠ ಎರಡು ವರ್ಷ ಕಾಲೇಜೇ ಆಸ್ಪತ್ರೆ ಖರ್ಚು ಕೊಡಬೇಕು.

“ಎರಡೇ ವರ್ಷಾನಾ?” ಅಂದ. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ, ಹಿಂದೆ ಯಾರೋ ಕಾಯಿ ಸುಲಿಯುವ ಸದ್ದು. “ನಂದು ಹತ್ತೊಂಬತ್ತು ಆಯ್ತು ನೋಡು. ಮಳೆ ಮೋಡ ಆದ್ರೆ ಇವತ್ತಿಗೂ ರೇಡಿಯೋಗಿಂತ ಮುಂಚೆ ಹೇಳುತ್ತೆ.” ಆಮೇಲೆ ಮಗಳನ್ನು ಕೇಳಿದ, ಕೊಡು ಅಂದ. ಅವಳು ಬನಿಯನ್ನಿನ ನಂಬರು ಕ್ಯಾಮೆರಾಕ್ಕೆ ಕಾಣುವ ಹಾಗೆ ಬೆನ್ನು ತಿರುಗಿಸಿ ನಿಂತಳು.