ನೋಟಾ ಇಲ್ಲದ ಕಡೆ ನನ್ನ ಮಾವ

ಕೇರಳದ ಪಂಚಾಯತ್ ಚುನಾವಣೆಯಲ್ಲಿ ನೋಟಾ ಇಲ್ಲ. ಮಂಗಳೂರಿನ ಗೆಳತಿಯರಿಗೆ ಹೇಳಿದರೆ ನಂಬುವುದೇ ಇಲ್ಲ. ವಿಧಾನಸಭೆಗೆ ಉಂಟು, ಲೋಕಸಭೆಗೆ ಉಂಟು, ಪಂಚಾಯತಿಗೆ ಇಲ್ಲ. ಹಳ್ಳಿಯಲ್ಲಿ ಒಬ್ಬೊಬ್ಬರಿಗೆ ಮೂರು ಮತ. ಮತಯಂತ್ರದ ಮೇಲೆ ಗ್ರಾಮ ಪಂಚಾಯತಿನ ಮತಪತ್ರ ಬಿಳಿ, ಬ್ಲಾಕಿನದ್ದು ನಸುಗೆಂಪು, ಜಿಲ್ಲಾ ಪಂಚಾಯತಿನದ್ದು ತಿಳಿನೀಲಿ. ಯಾವುದಾದರೂ ಒಂದಕ್ಕೆ ಒತ್ತಲು ಮನಸ್ಸಿಲ್ಲದಿದ್ದರೆ ಕೊನೆಗೆ 'ಎಂಡ್' ಗುಂಡಿ ಒತ್ತಿ ಹೊರಗೆ ಬರಬೇಕು, ಅಷ್ಟೇ. 'ಇವರು ಯಾರೂ ಬೇಡ' ಎನ್ನಲು ಒಂದು ಹೆಸರು, ಒಂದು ಗುರುತು ಅಲ್ಲಿ ಇರುವುದಿಲ್ಲ.

ನಮ್ಮ ಕಾಸರಗೋಡಿನ ಕಡೆ ಆ ಕೆಲಸ ಮಾಡುವುದು ನನ್ನ ಸೋದರಮಾವ.

ಮಾವನಿಗೆ ಈಗ ಎಪ್ಪತ್ತು ದಾಟಿದೆ. ಎರಡು ಎಕರೆ ಅಡಿಕೆ ತೋಟ, ಗುಡ್ಡದ ಬುಡದಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಒಂದು ಸುರಂಗ, ಅದರಲ್ಲಿ ಏಪ್ರಿಲ್‌ವರೆಗೆ ನೀರು. ಯಾವ ಪಕ್ಷದ ಸದಸ್ಯರೂ ಅಲ್ಲ. ಮೊದಲ ಸಲ ನಿಂತದ್ದು 2000ದಲ್ಲಿ. ಆಮೇಲೆ ಐದು ವರ್ಷಕ್ಕೊಮ್ಮೆ ನಿಲ್ಲುತ್ತಲೇ ಬಂದರು. ಗೆದ್ದದ್ದು ಇಲ್ಲ. ನೂರು ಮತ ದಾಟಿದ್ದೇ ಒಂದು ಸಲ. ಬಿದ್ದ ಮತದಲ್ಲಿ ಆರನೇ ಒಂದು ಪಾಲು ಸಿಗದಿದ್ದರೆ ಡೆಪಾಸಿಟ್ ಹೋಯಿತು. ವಾರ್ಡಿನಲ್ಲಿ ಸಾವಿರ ಮತ ಬಿದ್ದರೆ 167 ಬೇಕು. ಮಾವನ ಡೆಪಾಸಿಟ್ ಪ್ರತಿ ಸಲವೂ ಸರಕಾರದ ಖಜಾನೆಗೇ. 2020ರಲ್ಲಿ ಅದು 1,000 ರೂಪಾಯಿ ಇತ್ತು, 2025ರಲ್ಲಿ 2,000 ಆಯಿತು. "ಅಡಿಕೆಗೆ ರೇಟು ಏರುವುದಕ್ಕಿಂತ ಬೇಗ ಇದು ಏರ್ತದೆ ಮಾರಾಯ್ತಿ" ಎಂದು ಬೈದುಕೊಂಡೇ ಕಟ್ಟಿದರು.

ಇದೆಲ್ಲ ನನಗೆ ಇಷ್ಟು ವಿವರವಾಗಿ ಗೊತ್ತಿರಲು ಕಾರಣ ಉಂಟು. ಉಪ್ಪಳ ಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಜೆರಾಕ್ಸ್, ಮದುವೆ ಕಾಗದ, ಭೂತಕೋಲದ ಕಾಗದ, ಆಧಾರ್ ಪ್ರಿಂಟ್. ಚುನಾವಣೆ ಬಂದರೆ ನೋಟೀಸು. ಸಿಪಿಎಂ ಕಡೆಯ ಎಡರಂಗದವರೂ ಬರುತ್ತಾರೆ, ಕಾಂಗ್ರೆಸ್ ಕಡೆಯ ಐಕ್ಯರಂಗದವರೂ ಬರುತ್ತಾರೆ, ಬಿಜೆಪಿಯವರೂ ಬರುತ್ತಾರೆ. ಯಾರು ಯಾವ ಭಾಷೆಯಲ್ಲಿ ಎಷ್ಟು ಮಾಡಿಸುತ್ತಾರೆ ಎಂದು ನನಗೆ ಗೊತ್ತಾಗುವಷ್ಟು ಬೇರೆ ಯಾರಿಗೂ ಗೊತ್ತಾಗುವುದಿಲ್ಲ. ನೋಟೀಸಿನ ಅಡಿಯಲ್ಲಿ ಮುದ್ರಿಸಿದವರ ಹೆಸರು, ಹೊರಡಿಸಿದವರ ಹೆಸರು, ಎಷ್ಟು ಪ್ರತಿ ಎಂದು ಹಾಕಬೇಕೆಂಬ ನಿಯಮ ಬೇರೆ ಉಂಟಲ್ಲ. ದೊಡ್ಡವರದ್ದು ಸಾವಿರದ ಲೆಕ್ಕ. ಮಾವನದ್ದು ಇನ್ನೂರೈವತ್ತು. ಒಂದು ಮನೆಗೆ ಒಂದೇ, ಎರಡನೆಯದು ಕೇಳಿದರೆ ಕೊಡುವುದಿಲ್ಲ.

ಅವರು 2000ದಲ್ಲಿ ಯಾಕೆ ನಿಂತರು ಎಂಬ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಆ ವಾರ್ಡಿನಲ್ಲಿ ಒಂದೇ ಕಡೆಯವರ ಬಲ. ಎದುರಿನವರು ಆ ಸಲ ಸುಮ್ನೆ ಯಾಕೆ ಖರ್ಚು ಎಂದು ಅಭ್ಯರ್ಥಿಯನ್ನೇ ಹಾಕಿರಲಿಲ್ಲ. ನಾಮಪತ್ರದ ಕೊನೆಯ ದಿನದ ಹಿಂದಿನ ಸಂಜೆ ಪೇಟೆಯಲ್ಲಿ ಯಾರೋ "ನಿಮ್ಮಲ್ಲಿ ಈ ಸಲ ಓಟೇ ಇಲ್ಲವಂತೆ, ಅವಿರೋಧವಂತೆ" ಎಂದರು. ಮಾವನಿಗೆ ಅದು ತಡೆಯಲಿಲ್ಲ. ಮರುದಿನ ತೋಟದ ಕೆಲಸ ಬಿಟ್ಟು ಹೋಗಿ ಕಾಗದ ಕೊಟ್ಟರು. ಸೂಚಕರಾಗಿ ಸಹಿ ಹಾಕಲು ನೆರೆಮನೆಯ ಬ್ಯಾರಿಯವರನ್ನು ಕರೆದುಕೊಂಡು ಹೋಗಿದ್ದರು. ಸಂಬಂಧಿಕರು ಯಾರೂ ಸಹಿ ಹಾಕಲು ಸಿದ್ಧರಿರಲಿಲ್ಲ, ಹಾಗಾಗಿ.

ಅವಿರೋಧ ಎಂದರೆ ಮಾವನಿಗೆ ಯಾಕೆ ಅಷ್ಟು ಸಿಟ್ಟು ಎಂದು ನಾನು ಯೋಚಿಸಿದ್ದುಂಟು. ನಮ್ಮ ಮಂಜೇಶ್ವರ ಕ್ಷೇತ್ರದ ಕಥೆಯೇ ಅವಿರೋಧದಿಂದ ಶುರು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. 1957ರ ಮೊದಲ ಚುನಾವಣೆಯಲ್ಲಿ ಎಂ. ಉಮೇಶ ರಾವ್ ಪಕ್ಷೇತರರಾಗಿ ಇಲ್ಲಿಂದ ಅವಿರೋಧವಾಗಿ ಆಯ್ಕೆಯಾದರು. ನನ್ನ ಅಜ್ಜ ಹಾಗೆ ಮತ ಹಾಕದೆಯೇ ಮೊದಲ ಶಾಸಕರನ್ನು ಪಡೆದವರು. ಅದನ್ನು ಹೇಳಿ ಅಜ್ಜ ನಗುತ್ತಿದ್ದರಂತೆ. ಮಾವ ನಗುತ್ತಿರಲಿಲ್ಲ.

ಆಮೇಲೆ ಬಂದವರು ಕಳ್ಳಿಗೆ ಮಹಾಬಲ ಭಂಡಾರಿ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಎಂಬ ಕರ್ನಾಟಕ ಸಮಿತಿಯ ಕಡೆಯವರು. ಕಾಂಗ್ರೆಸ್ಸೂ ಅಲ್ಲ, ಕಮ್ಯುನಿಸ್ಟರೂ ಅಲ್ಲ. ಆಗಿನ ಕೇರಳದ ಲೆಕ್ಕದಲ್ಲಿ ಪಕ್ಕಾ ಮೂರನೆಯವರು. 1960ರಲ್ಲಿ ಗೆದ್ದರು, 1965ರಲ್ಲಿ ಗೆದ್ದರು, 1967ರಲ್ಲೂ ಗೆದ್ದರು. ಇದರಲ್ಲಿ 1965ರದ್ದು ತಮಾಷೆ. ಆ ಸಲ ಕೇರಳದಲ್ಲಿ ಯಾರಿಗೂ ಬಹುಮತ ಬರಲಿಲ್ಲ, ಸಭೆ ಒಂದು ದಿನವೂ ಸೇರಲಿಲ್ಲ. ಗೆದ್ದೂ ಕೂರಲು ಕುರ್ಚಿ ಇಲ್ಲ. 1967ರಲ್ಲಿ ಪಕ್ಕದ ಕಾಸರಗೋಡು ಕ್ಷೇತ್ರದಲ್ಲೂ ಸಮಿತಿಯ ಕಡೆಯ ಯು.ಪಿ. ಕುಣಿಕುಳ್ಳಾಯರು ಗೆದ್ದರು. ಅದೇ ವರ್ಷ ರಾಜ್ಯಗಳ ಗಡಿ ವಿವಾದ ನೋಡಿದ ಮಹಾಜನ ಆಯೋಗದ ವರದಿ ಬಂತು. ಚಂದ್ರಗಿರಿ ಹೊಳೆಯ ಬಡಗು ದಿಕ್ಕಿನ ಜಾಗ ಕರ್ನಾಟಕಕ್ಕೆ ಸೇರಲಿ ಎಂದು ಬರೆದಿತ್ತು. ಶಾಸಕರೂ ನಮ್ಮವರು, ವರದಿಯೂ ನಮ್ಮ ಕಡೆಗೆ. ಮತ್ತೆ ಎಂತ ಆಯಿತು? ಎಂತದೂ ಆಗಲಿಲ್ಲ. ವರದಿ ಹಾಗೆಯೇ ಉಳಿಯಿತು. 1970ರಲ್ಲಿ ಮಂಜೇಶ್ವರದಿಂದ ಸಿಪಿಐಯ ಎಂ. ರಾಮಪ್ಪ ಗೆದ್ದರು.

ಮಾವ ಆಗ ಶಾಲೆಗೆ ಹೋಗುವ ಹುಡುಗ. ಅಜ್ಜನ ಹೆಗಲ ಮೇಲೆ ಕೂತು ಸಮಿತಿಯ ಸಭೆ ನೋಡಿದವರು. ಗೆದ್ದರೆ ಎಲ್ಲ ಸರಿಯಾಗುತ್ತದೆ ಎಂಬ ಭ್ರಮೆ ಆಗಲೇ ಹೋಯಿತು ಎನ್ನುತ್ತಾರೆ. ಅದಕ್ಕೇ ಇರಬೇಕು, ಸೋತರೆ ಅವರ ಮುಖದಲ್ಲಿ ಏನೂ ಕಾಣುವುದಿಲ್ಲ. ಎಣಿಕೆಯ ದಿನ ಮಧ್ಯಾಹ್ನ ಬಂದು ಊಟ ಮಾಡಿ ಮಲಗುತ್ತಾರೆ.

ಜನ ಅವರನ್ನು ಮೆಟ್ಟೂರಿನ ಪದ್ಮರಾಜನ್ ಜೊತೆ ಹೋಲಿಸುತ್ತಾರೆ. ತಮಿಳುನಾಡಿನ ಟಯರ್ ಅಂಗಡಿಯವರು, 1988ರಿಂದ ಇನ್ನೂರಕ್ಕೂ ಜಾಸ್ತಿ ಚುನಾವಣೆಗೆ ನಿಂತು ಎಲ್ಲದರಲ್ಲೂ ಸೋತವರು, 'ಇಲೆಕ್ಷನ್ ಕಿಂಗ್' ಎಂದು ಪೇಪರಿನಲ್ಲಿ ಬರುತ್ತಾರಲ್ಲ, ಅವರು. ನಮ್ಮ ಕರ್ನಾಟಕದ ಹೊಟ್ಟೆ ಪಕ್ಷದ ರಂಗಸ್ವಾಮಿಯವರ ಹೆಸರೂ ಬರುತ್ತದೆ. ಅವರು ನಿಂತದ್ದು 86 ಸಲ. ಈ ಹೋಲಿಕೆ ಮಾವನಿಗೆ ಸ್ವಲ್ಪವೂ ಹಿಡಿಸುವುದಿಲ್ಲ. "ಅವರದ್ದು ದಾಖಲೆ. ನಾನು ನಿಲ್ಲುವುದು ನನ್ನ ಪಂಚಾಯತಿಗೆ ಮಾತ್ರ. ದಾರಿ ಕೆಟ್ಟರೆ ಮರುದಿನ ನಾನೇ ಅದರಲ್ಲಿ ನಡೆಯಬೇಕು" ಎನ್ನುತ್ತಾರೆ. ನನಗೂ ಅದು ಸರಿ ಎನಿಸುತ್ತದೆ.

ಮೂರನೆಯವನಾಗಿ ನಿಲ್ಲುವುದು ಸುಲಭ ಎಂದು ತಿಳಿಯಬೇಡಿ. 2010ರಿಂದ ಕೇರಳದಲ್ಲಿ ಅರ್ಧ ವಾರ್ಡು ಹೆಂಗಸರಿಗೆ. ಒಂದು ಅವಧಿಗೆ ಮಹಿಳಾ ವಾರ್ಡು ಆದದ್ದು ಮುಂದಿನ ಅವಧಿಗೆ ಸಾಮಾನ್ಯ. ಒಳ್ಳೆಯ ಕ್ರಮ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾವ ತಮ್ಮದೇ ವಾರ್ಡಿನಲ್ಲಿ ಬಿಡದೆ ನಿಲ್ಲುವ ಹಾಗಿಲ್ಲ. ಒಂದು ಸಲ ಮನೆಯ ವಾರ್ಡು, ಮುಂದಿನ ಸಲ ಗುಡ್ಡದಾಚೆಯ ವಾರ್ಡು. ಆಚೆಯವರಿಗೆ ಇವರು ಯಾರೆಂದೇ ಗೊತ್ತಿಲ್ಲ. ನಾಯಿಗಳಿಗಂತೂ ಮೊದಲೇ ಗೊತ್ತಿಲ್ಲ. ಅತ್ತೆಯನ್ನು ನಿಲ್ಲಿಸಿ ಎಂದು ಹಲವರು ಹೇಳಿದರು. ಅತ್ತೆ ಒಂದೇ ಮಾತು ಹೇಳಿದರು: "ಈ ಮನೆಯಲ್ಲಿ ಸೋಲಲಿಕ್ಕೆ ಒಬ್ಬರು ಸಾಕು." 2025ಕ್ಕೆ ವಾರ್ಡುಗಳ ಗಡಿಯನ್ನೇ ಬದಲಾಯಿಸಿದರು. ಮಾವನಿಗೆ ಮತ ಹಾಕುವ ನಾಲ್ಕು ಮನೆ ಆ ಕಡೆ ಹೋಯಿತು.

ಇನ್ನು ಬೂತ್ ಏಜೆಂಟ್. ಬೆಳಿಗ್ಗೆ ಆರಕ್ಕೆ ಹೋಗಿ ಸಂಜೆವರೆಗೆ ಕೂರಲು ಯಾರು ಸಿಗುತ್ತಾರೆ ಹೇಳಿ? ಹೊರಗಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಇಲ್ಲುಂಟು. ಪಕ್ಷೇತರನಿಗೂ ಏಜೆಂಟನ್ನು ಕೂರಿಸುವ ಹಕ್ಕಿದೆ. ದೊಡ್ಡ ಪಕ್ಷದವರಿಗೆ ಆ ಕುರ್ಚಿಯ ಮೇಲೆ ಕಣ್ಣು. ಒಂದು ವರ್ಷ ಎರಡು ಕಡೆಯವರೂ ಬೇರೆ ಬೇರೆಯಾಗಿ ಮನೆಗೆ ಬಂದು "ನಿಮಗೆ ಜನ ಇಲ್ಲವಲ್ಲ, ನಮ್ಮ ಹುಡುಗನನ್ನು ಕೂರಿಸಿ" ಎಂದರು. ಒಳಗೆ ತಮ್ಮವರು ಇಬ್ಬರಾಗುತ್ತಾರೆ ಎಂಬ ಲೆಕ್ಕ. ಮಾವ ಇಬ್ಬರಿಗೂ ಚಹಾ ಕೊಟ್ಟು ಕಳಿಸಿದರು. ಕೊನೆಗೆ ಕಾಲೇಜು ಓದುವ ನನ್ನ ತಮ್ಮನೇ ಕೂತ. ಮಧ್ಯಾಹ್ನ ಎಲ್ಲ ಪಕ್ಷದ ಏಜೆಂಟರೂ ತಮ್ಮ ತಮ್ಮ ಪೊಟ್ಟಣ ಬಿಚ್ಚಿ ಅವನಿಗೂ ಗೋಳಿಬಜೆ ಕೊಟ್ಟರಂತೆ. ಮಾವನ ಕಡೆಯಿಂದ ಅವನಿಗೆ ಸಿಕ್ಕಿದ್ದು ಒಂದು ಬಾಟ್ಲಿ ಮಜ್ಜಿಗೆ ಮಾತ್ರ.

ಮಾವನ ನೋಟೀಸಿನಲ್ಲಿ ಬೇಡಿಕೆ ಜಾಸ್ತಿ ಇಲ್ಲ. ಗ್ರಾಮಸಭೆಯ ಕಾಗದ ಕನ್ನಡದಲ್ಲೂ ಬರಬೇಕು, ಅರ್ಜಿ ಫಾರಂ ಕನ್ನಡದಲ್ಲೂ ಸಿಗಬೇಕು, ಬೇಸಿಗೆಗೆ ಮೊದಲು ತೋಡಿಗೆ ಕಟ್ಟ, ಅಂದರೆ ನೀರು ನಿಲ್ಲಿಸುವ ಒಡ್ಡು, ಹಾಕಬೇಕು. ಮೊದಮೊದಲು ಅವರೊಬ್ಬರೇ ಪೂರ್ತಿ ಕನ್ನಡದಲ್ಲಿ ಮಾಡಿಸುತ್ತಿದ್ದದ್ದು. ಉಳಿದವರು ಒಂದು ಬದಿ ಮಲಯಾಳ, ಇನ್ನೊಂದು ಬದಿ ಅಭ್ಯರ್ಥಿಯ ದೊಡ್ಡ ಫೋಟೋ. 2015ರಲ್ಲಿ ಒಬ್ಬರು ಪಕ್ಷದವರು ಅಂಗಡಿಗೆ ಬಂದು, ಮೇಜಿನ ಮೇಲಿದ್ದ ಮಾವನ ಪ್ರೂಫ್ ಓದಿ, "ನಮ್ಮದೂ ಒಂದು ಬದಿ ಕನ್ನಡ ಮಾಡಿಬಿಡಿ, ಕಟ್ಟದ ವಿಷಯವೂ ಹಾಕಿ" ಎಂದರು. ಮರುದಿನ ಎದುರಿನವರೂ ಬಂದರು. ಗೆದ್ದವರು ಆ ಬೇಸಿಗೆ ಕಟ್ಟ ಹಾಕಿಸಿದರು. ಮಾವನಿಗೆ ಬಿದ್ದ ಮತ ಅರುವತ್ತರ ಹತ್ತಿರ. ಆ ಅರುವತ್ತು ಇಲ್ಲದಿದ್ದರೂ ಕಟ್ಟ ಆಗುತ್ತಿತ್ತೇ? ಗೊತ್ತಿಲ್ಲ. ನೋಟೀಸು ಬದಲಾದದ್ದು ಮಾತ್ರ ನನ್ನ ಕಣ್ಣೆದುರೇ.

ಫಾರಂ ವಿಷಯ ಅರ್ಧ ಆಗಿದೆ, ಅರ್ಧ ಇಲ್ಲ. ಅದನ್ನು ಬರೆದರೆ ಇನ್ನೊಂದು ಬ್ಲಾಗ್ ಬೇಕು.

ಚುನಾವಣೆ ಮುಗಿದು ಮೂವತ್ತು ದಿನದೊಳಗೆ ಖರ್ಚಿನ ಲೆಕ್ಕ ಕೊಡಬೇಕು. ಕೊಡದವರನ್ನು ಅನರ್ಹ ಮಾಡುತ್ತಾರೆ. 2020ರಲ್ಲಿ ಗ್ರಾಮ ಪಂಚಾಯತಿಗೆ 25,000 ರೂಪಾಯಿಯ ಮಿತಿ ಇತ್ತು. ಮಾವನ ಖರ್ಚು ಅದರ ಹತ್ತಿರವೂ ಹೋಗುವುದಿಲ್ಲ. ಆದರೂ ಲೆಕ್ಕ ಕೊಡುವುದರಲ್ಲಿ ಅವರೇ ಮೊದಲು. ನೋಟೀಸು ಇಷ್ಟು, ಅಂಟು ಇಷ್ಟು, ಆಟೋ ಇಷ್ಟು. ಒಮ್ಮೆ ನಾನು ನೋಟೀಸಿಗೆ ದುಡ್ಡು ಬೇಡ ಎಂದೆ. ಹಾಗೆ ಮಾಡಿದರೆ ಅದನ್ನೂ ಲೆಕ್ಕದಲ್ಲಿ ತೋರಿಸಬೇಕು, ಸುಮ್ನೆ ಬಿಲ್ಲು ಬರಿ ಎಂದು ಗದರಿದರು.

ಒಂದು ವಿಷಯದಲ್ಲಿ ಮಾತ್ರ ನಾನೂ ಅವರೂ ಜಗಳ. 2021ರಲ್ಲಿ ವಿಧಾನಸಭೆಗೂ ನಿಲ್ಲುವ ಯೋಚನೆ ಬಂತು ಅವರಿಗೆ. ಪಕ್ಷೇತರರಿಗೆ ಅಲ್ಲಿ ಹತ್ತು ಸೂಚಕರು ಬೇಕು, ಡೆಪಾಸಿಟ್ 10,000. ದುಡ್ಡಿನ ಮಾತು ಬಿಡಿ. ಮಂಜೇಶ್ವರದ ಗಣಿತವೇ ಬೇರೆ. ಇಡೀ ಕೇರಳದಲ್ಲಿ ಬಿಜೆಪಿ ಮೂರನೆಯದು, ಇಲ್ಲಿ ಎರಡನೆಯದು. ಇಲ್ಲಿ ಮೂರನೆಯವರು ಎಡರಂಗದವರು. ಬಿಜೆಪಿಯ ಕೆ. ಸುರೇಂದ್ರನ್ 2011ರಲ್ಲಿ ಸೋತರು. 2016ರಲ್ಲಿ ಮತ್ತೆ ಬಂದು ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಜಾಕ್ ಎದುರು ಬರೇ 89 ಮತದಿಂದ ಸೋತರು. ಆ ಕಡೆ 56,870, ಈ ಕಡೆ 56,781. 2021ರಲ್ಲಿ ಇನ್ನೊಮ್ಮೆ ಬಂದರು, ಎ.ಕೆ.ಎಂ. ಅಶ್ರಫ್ ಎದುರು 745 ಮತದಿಂದ ಸೋತರು. ಇಂಥ ಕ್ಷೇತ್ರದಲ್ಲಿ ಚಿಲ್ಲರೆ ಮತ ಪಡೆದವನೂ ಲೆಕ್ಕಕ್ಕೆ ಬರುತ್ತಾನೆ, ಬೇರೆಯವರ ಲೆಕ್ಕಕ್ಕೆ. ಆಲಪ್ಪುಳದಲ್ಲಿ 2004ರ ಲೋಕಸಭೆಗೆ ಕಾಂಗ್ರೆಸಿನ ವಿ.ಎಂ. ಸುಧೀರನ್ 1,009 ಮತದಿಂದ ಸೋತಾಗ, ಹೆಚ್ಚುಕಡಿಮೆ ಅದೇ ಹೆಸರಿನ ಪಕ್ಷೇತರ ಒಬ್ಬರಿಗೆ ಎಂಟು ಸಾವಿರಕ್ಕೂ ಜಾಸ್ತಿ ಮತ ಬಿದ್ದಿತ್ತು. ಅಂಥವರನ್ನು ಇಲ್ಲಿ ಅಪರ ಎನ್ನುತ್ತಾರೆ. ಮಾವನ ಹೆಸರು ಯಾರಿಗೂ ಹೊಂದುವುದಿಲ್ಲ, ಸರಿ. ಆದರೆ ಸೋತವರು ಯಾರಾದರೂ "ಇವರಿಂದಾಗಿ ಹೋಯಿತು" ಎಂದರೆ, ಅಷ್ಟು ವರ್ಷ ಕಟ್ಟ, ಫಾರಂ ಎಂದು ಮನೆಮನೆಗೆ ನಡೆದದ್ದಕ್ಕೆ ಅರ್ಥ ಉಳಿಯುತ್ತದೆಯೇ? ವಾರ್ಡಿನಲ್ಲಿ ಮಾವ ಯಾರು, ಯಾಕೆ ನಿಂತರು ಎಂದು ಬೈಯುವವನಿಗೂ ಗೊತ್ತು. ಕ್ಷೇತ್ರದಲ್ಲಿ ಅವರು ಬರೇ ಒಂದು ಅಂಕೆ.

ಮಾವ ಇದನ್ನು ಒಪ್ಪುವುದಿಲ್ಲ. "ಭಂಡಾರಿಯವರಿಗೆ ಹಾಗೆ ಯಾರೂ ಹೇಳಲಿಲ್ಲವಲ್ಲ" ಎನ್ನುತ್ತಾರೆ. ಭಂಡಾರಿಯವರು ಗೆದ್ದಿದ್ದರು ಮಾವ, ಅದಕ್ಕೆ ಹೇಳಲಿಲ್ಲ ಎಂದರೆ ನನ್ನನ್ನು ಎರಡು ದಿನ ಮಾತಾಡಿಸುವುದಿಲ್ಲ. ಆ ವರ್ಷ ಅತ್ತೆಯ ಮಂಡಿನೋವು ಜೋರಾಗಿ ಆಸ್ಪತ್ರೆಗೆ ಓಡಾಟವಾಯಿತು, ನಾಮಪತ್ರದ ದಿನ ದಾಟಿತು. ಅತ್ತೆ ಬೇಕೆಂದೇ ನೋವು ಜಾಸ್ತಿ ಮಾಡಿಕೊಂಡರು ಎಂಬುದು ಮಾವನ ಆರೋಪ.

2025ರದ್ದೂ ಮುಗಿಯಿತು, ಅದರಲ್ಲೂ ಸೋತರು. ಈಗ ಸಹಕಾರಿ ಸಂಘದ ಆಡಳಿತ ಮಂಡಳಿಯ ಕಡೆ ಗಮನ ಹೋಗಿದೆ. ಅಲ್ಲಿಯೂ ಒಂದೇ ಪ್ಯಾನೆಲ್, ಈ ಸಲವೂ ಅವಿರೋಧ ಎಂದು ಯಾರೋ ಹೇಳಿದ್ದಾರೆ. ಹೇಳಿದವರು ಯಾರೆಂದು ಅತ್ತೆ ಹುಡುಕುತ್ತಿದ್ದಾರೆ.